ಫರ್ಗಸ್ ತೋಡಿದ ಸುರಂಗ

ಬರುವ ಶನಿವಾರದೊಳಗೆ ಈ ಮನೆಯಿಂದ ಫರ್ಗಸ್‌ನ ಕೊನೆಯ ಕುರುಹನ್ನೂ ಅಳಿಸಿಹಾಕದಿದ್ದರೆ ನನ್ನ ಹೆಸರು ಡರ್ಮಟ್ ಪ್ಯಾಸ್ಕೋನೇ ಅಲ್ಲ ಎಂದು ಡರ್ಮಟ್ ಪ್ಯಾಸ್ಕೋ ಹಲ್ಲುಜ್ಜುತ್ತಾ ಶಪಥ ಮಾಡಿದ. ಬಾಯಿ ತುಂಬ ನೊರೆ ಇದ್ದದ್ದರಿಂದ ಆ ಘೋರ ಪ್ರತಿಜ್ಞೆ ಬಚ್ಚಲ ಕನ್ನಡಿಯನ್ನು ಬಿಟ್ಟು ಬೇರಾರಿಗೂ ಕೇಳಿಸಲಿಲ್ಲ. ಹೆಂಡತಿ ಟೆಸ್ಸಾಳಿಗೆ ಕೇಳಿಸಿದ್ದರೆ ಅವಳು ಅಲ್ಲೇ ತಡೆಯುತ್ತಿದ್ದಳು, ನಮಗೆ ಹೇಳಲು ಏನೂ ಉಳಿಯುತ್ತಿರಲಿಲ್ಲ.

ಫರ್ಗಸ್ ಎಂದರೆ ದೋಣಿಗಳಿಗೆ ಬಣ್ಣ ಬಳಿಯುವ ಫರ್ಗಸ್. ಟಾಸ್ಮೇನಿಯಾದ ಈ ಪೂರ್ವ ಕರಾವಳಿಯಲ್ಲಿ ಅವನನ್ನು ಇಷ್ಟಪಡದವರು ಒಬ್ಬರೇ, ಅವರ ಬಗ್ಗೆಯೇ ನಾವು ಮಾತಾಡುತ್ತಿರುವುದು. ಆರಡಿ ಮೂರಂಗುಲ ಎತ್ತರ, ಅಗಲ ಭುಜ, ಮಾತು ಬಹಳ ಕಡಿಮೆ. ಮಾತು ಕಡಿಮೆ ಇರುವ ಗಂಡಸರನ್ನು ಕಂಡರೆ ಡರ್ಮಟ್‌ಗೆ ಮೊದಲಿನಿಂದಲೂ ಗುಮಾನಿ. ಒಳಗೆ ಏನೋ ಇಲ್ಲದೆ ಮನುಷ್ಯ ಅಷ್ಟು ಹೊತ್ತು ಸುಮ್ಮನಿರಲು ಸಾಧ್ಯವೇ?

ಟೆಸ್ಸಾಳದು ಸಿಂಪಿ ಎಂಬ ಕಡಲ ಚಿಪ್ಪುಜೀವಿಯ ಮರಿಗಳ ಸಾಕಣೆ. ಕೊಲ್ಲಿಯ ಆಚೆ ದಡದಲ್ಲಿ ತಗಡಿನ ಶೆಡ್ಡು, ಶೆಡ್ಡಿನೊಳಗೆ ತೊಟ್ಟಿಗಳು, ತೊಟ್ಟಿಗಳಲ್ಲಿ ಎಳ್ಳಿನಷ್ಟು ಗಾತ್ರದ ಇಪ್ಪತ್ತು ಲಕ್ಷ ಮರಿಗಳು. ಪಂಪು ಹಗಲಿರುಳು ಕೊಲ್ಲಿಯ ನೀರನ್ನು ಎಳೆದು ಅವುಗಳ ಮೇಲೆ ಹರಿಸುತ್ತಿರಬೇಕು. ಆದರೆ ಜೋರು ಮಳೆ ಹಿಡಿದು ಹೊಳೆಯ ಸಿಹಿನೀರು ಕೊಲ್ಲಿಗೆ ನುಗ್ಗಿತೋ, ನೀರಿನ ಉಪ್ಪು ಇಳಿಯುತ್ತದೆ. ಉಪ್ಪಿನ ಅಂಕಿ ಇಪ್ಪತ್ತಕ್ಕೆ ಬರುವ ಮೊದಲೇ ಪಂಪು ನಿಲ್ಲಿಸಬೇಕು, ಇಲ್ಲದಿದ್ದರೆ ಮರಿಗಳ ಕಥೆ ಮುಗಿಯಿತು. ಶೆಡ್ಡಿನಲ್ಲಿರುವ ಪುಟ್ಟ ಕಂಪ್ಯೂಟರ್ ಈ ಅಂಕಿಯನ್ನೂ ಪಂಪಿನ ಗುಂಡಿಯನ್ನೂ ಒಂದು ಪುಟದಲ್ಲಿ ತೋರಿಸುತ್ತದೆ. ಆದರೆ ಅದು ಬಲು ಸಂಕೋಚದ ಪ್ರಾಣಿ. ತನ್ನ ಪುಟವನ್ನು ತಾನೊಂದೇ ನೋಡಿಕೊಳ್ಳುತ್ತದೆ, ಹೊರಗಿನವರಿಗೆ ಬಾಗಿಲು ತೆಗೆಯುವುದಿಲ್ಲ.

ಮನೆಯಲ್ಲಿ ಕೂತು ಆ ಪುಟ ನೋಡಬೇಕಾದರೆ ಸುರಂಗ ತೋಡಬೇಕು. ಎಸ್ಸೆಸ್ಸೆಚ್ ಎಂಬ ಬೀಗ ಜಡಿದ ದಾರಿಯೊಂದಿದೆ. ಅದರ ಮೂಲಕ ಒಬ್ಬ ಆಳನ್ನು ಶೆಡ್ಡಿಗೆ ಕಳಿಸಿದರೆ, ಅವನು ಅಡುಗೆಮನೆಯ ಕಂಪ್ಯೂಟರಿನ ಎಂಟು ಸಾವಿರದ ಎಂಬತ್ತನೇ ಬಾಗಿಲಿನಿಂದ ಶೆಡ್ಡಿನವರೆಗೆ ಸುರಂಗ ಕೊರೆಯುತ್ತಾನೆ. ಆಮೇಲೆ ಇಲ್ಲಿ ಬಾಗಿಲು ತಟ್ಟಿದರೆ ಅದು ಅಲ್ಲಿ ತೆರೆಯುತ್ತದೆ. 'ಹಿನ್ನೆಲೆಗೆ ಹೋಗು' ಎಂದು ಅಪ್ಪಣೆ ಕೊಟ್ಟರೆ ಆಳು ಪರದೆಯ ಹಿಂದೆ ಸರಿದು ಯಾರ ಕಣ್ಣಿಗೂ ಬೀಳದೆ ದುಡಿಯುತ್ತಿರುತ್ತಾನೆ.

ಬ್ರೆಡ್ಡಿನ ಡಬ್ಬಿಯ ಪಕ್ಕದಲ್ಲಿ ಸದಾ ಚಾಲೂ ಇರುವ ಆ ಹಳೆಯ ಕಂಪ್ಯೂಟರಿನಲ್ಲಿ ಇಂಥದೊಂದು ಸುರಂಗ ಒಂದೂವರೆ ವರ್ಷದಿಂದ ಇತ್ತು. ಹತ್ತೊಂಬತ್ತು ವರ್ಷಗಳಿಂದ ನಗರಸಭೆಯ ಕಂಪ್ಯೂಟರುಗಳನ್ನು ಕಾಯುತ್ತಾ, ಸುರಂಗ ತೋಡುವುದನ್ನೇ ಅನ್ನ ಮಾಡಿಕೊಂಡಿದ್ದ ಡರ್ಮಟ್‌ಗೆ ಅದು ಗೊತ್ತೇ ಇರಲಿಲ್ಲ.

"ಇದನ್ನ ಯಾರು ಮಾಡಿದ್ದು?" ಎಂದು ಗೊತ್ತಾದ ದಿನ ಕೇಳಿದ್ದ.

"ಅವತ್ತು ಫರ್ಗಸ್ ಬಂದಿದ್ದ. ಪಕ್ಕದಲ್ಲೇ ಕೂತಿದ್ದ ನೋಡು, ಒಂದೇ ಗಂಟೇಲಿ ಮುಗಿದುಹೋಯ್ತು," ಎಂದಳು ಟೆಸ್ಸಾ.

"ಯಾವ ಫರ್ಗಸ್? ದೋಣಿ ಫರ್ಗಸ್ಸಾ?"

"ಹೂಂ. ಅವನ ತಾಳ್ಮೆ ಇದ್ಯಲ್ಲ, ಎಲ್ಲರಿಗೂ ಬರಲ್ಲ ಬಿಡು ಅದು."

ಮುಂದೆ ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅಂದಿನಿಂದ ಡರ್ಮಟ್‌ನ ಹೊಟ್ಟೆಯೊಳಗೆ ಕೆಂಡ ಕೂತಿತು. ಬೆಳಿಗ್ಗೆ ಟೆಸ್ಸಾ ಟೋಸ್ಟ್ ಕಚ್ಚುತ್ತಾ ಪುಟ ತೆರೆಯುತ್ತಾಳೆ, ಉಪ್ಪು ಸರಿಯಿದೆ ಎಂದು ಕಂಡಾಗ ಒಂದು ಸಣ್ಣ ನಗು ನಗುತ್ತಾಳೆ. ಆ ನಗು ಯಾರದು? ಫರ್ಗಸ್‌ನದು. ದಿನಕ್ಕೆ ನಾಲ್ಕು ಸಲ ನೋಡುತ್ತಾಳೆ, ನಾಲ್ಕು ನಗು. ಒಂದೂವರೆ ವರ್ಷಕ್ಕೆ ಎಷ್ಟಾಯಿತು ಎಂದು ಡರ್ಮಟ್ ಸಭೆಯೊಂದರಲ್ಲಿ ಕೂತು ಲೆಕ್ಕ ಹಾಕಿದ. ಎರಡು ಸಾವಿರದ ಚಿಲ್ಲರೆ ಬಂತು. ಪರಪುರುಷ ಪ್ರೇಮಪತ್ರ ಬರೆದಿದ್ದರೆ ಎದುರಿಗೆ ಹಿಡಿದು ಜಗಳವಾಡಬಹುದಿತ್ತು. ಸುರಂಗ ತೋಡಿದ್ದಾನೆ ಎಂದು ಯಾವ ನ್ಯಾಯಾಲಯಕ್ಕೆ ಹೋಗುವುದು?

ಶನಿವಾರ ಬೆಳಿಗ್ಗೆ ಟೆಸ್ಸಾ ಶೆಡ್ಡಿಗೆ ಹೋದದ್ದೇ ತಡ, ಡರ್ಮಟ್ ಸ್ವೆಟರಿನ ತೋಳು ಮಡಚಿದ. ಮೊದಲು ಪರದೆಯ ಮೇಲಿದ್ದ 'ಸಿಂಪಿ' ಎಂಬ ಚಿಹ್ನೆಯನ್ನು ಅಳಿಸಿದ. ಫರ್ಗಸ್‌ನ ವಂಶ ನಿರ್ವಂಶವಾಯಿತು ಎಂದು ಕೈ ಒರೆಸಿಕೊಂಡ. ಆಮೇಲೆ ತಾನು ಪ್ರತಿದಿನ ಕಚೇರಿಗೆ ಸುರಂಗ ತೋಡಲು ಬಳಸುವ ಸಾಲನ್ನೇ ನಕಲು ಮಾಡಿ, ಈಚೆ ತುದಿಯ ಬಾಗಿಲಿನ ಸಂಖ್ಯೆ ಬದಲಿಸಿದ. 'ಹಿನ್ನೆಲೆಗೆ ಹೋಗು' ಎಂದ. ಜೊತೆಗೆ 'ಬಾಯಿ ಮುಚ್ಚಿಕೊಂಡಿರು' ಎಂಬ ಅಪ್ಪಣೆಯನ್ನೂ ಸೇರಿಸಿದ. ಹತ್ತೊಂಬತ್ತು ವರ್ಷದ ಅನುಭವವಿರುವವನಿಗೆ ಯಂತ್ರವೊಂದು ಎದುರುತ್ತರ ಕೊಡುವುದು ಸರಿಕಾಣುತ್ತಿರಲಿಲ್ಲ.

ಗುಂಡಿ ಒತ್ತಿದ. ಯಂತ್ರ ತುಟಿ ಬಿಚ್ಚಲಿಲ್ಲ. ಬಾಗಿಲು ತಟ್ಟಿದ. ಪುಟ ತೆರೆಯಿತು. ಉಪ್ಪು ಮೂವತ್ತೊಂದು.

"ಇನ್ಮೇಲೆ ನಿನ್ನ ಸುರಂಗ ನಂದು," ಎಂದು ಸಂಜೆ ಘೋಷಿಸಿದ. "ಆ ಹಳೇದು ಕಿತ್ತುಹಾಕಿದೀನಿ."

"ಯಾಕೆ? ಚೆನ್ನಾಗೇ ಇತ್ತಲ್ಲ."

"ಚೆನ್ನಾಗಿತ್ತಾ? ಈಗ ನೋಡು, ಎಷ್ಟು ವೇಗ."

ಟೆಸ್ಸಾ ಪುಟ ತೆರೆದು ನೋಡಿದಳು. "ಮೊದಲಿನ ಥರಾನೇ ಇದೆ."

"ಸರಿಯಾಗಿ ನೋಡು."

"ಸರಿ ಮಾರಾಯ, ವೇಗ. ಕೈ ತೊಳ್ಕೊಂಡು ಊಟಕ್ಕೆ ಬಾ."

ಅಷ್ಟು ಸಾಕಾಯಿತು. ಆ ವಾರವಿಡೀ ಡರ್ಮಟ್ ನೆಲದಿಂದ ಒಂದಡಿ ಮೇಲೆ ನಡೆದ. ಟೆಸ್ಸಾಳ ಬೆಳಗಿನ ನಗು ಈಗ ಅವನದಾಗಿತ್ತು. ಒಂದೊಂದನ್ನೂ ಎಣಿಸಿ ಇಟ್ಟುಕೊಂಡ. ಆದರೆ ಗೆದ್ದವನಿಗೆ ಸೋತವನ ಮುಖ ನೋಡದೆ ನಿದ್ದೆ ಬರುವುದಿಲ್ಲ. ಮುಂದಿನ ಭಾನುವಾರ ಮಧ್ಯಾಹ್ನದ ಊಟಕ್ಕೆ ಫರ್ಗಸ್‌ನನ್ನು ತಾನೇ ಕರೆದ. ಟೆಸ್ಸಾಳಿಗೆ ಆಶ್ಚರ್ಯವಾಯಿತು, ಗಂಡ ದೊಡ್ಡವನಾದ ಎಂದು ಸಂತೋಷವೂ ಆಯಿತು.

ಶುಕ್ರವಾರದಿಂದಲೇ ಮಳೆ ಹಿಡಿದಿತ್ತು. ಭಾನುವಾರದ ಹೊತ್ತಿಗೆ ಶೆಡ್ಡಿನ ದಾರಿಯ ಕಿರುಸೇತುವೆಯ ಮೇಲೆ ಮೊಣಕಾಲುದ್ದ ನೀರು, ಕೊಲ್ಲಿಯಲ್ಲಿ ದೋಣಿ ಇಳಿಸಲಾಗದಂಥ ಗಾಳಿ. ಫರ್ಗಸ್ ಬಾಗಿಲಲ್ಲಿ ಗಮ್‌ಬೂಟು ಕಳಚಿ, ತಾನೇ ಮಾಡಿದ ನಿಂಬೆಹಣ್ಣಿನ ಕೇಕಿನ ತಟ್ಟೆ ಹಿಡಿದು ಒಳಗೆ ಬಂದ. ಕೇಕು ಬೇರೆ ಮಾಡುತ್ತಾನೆ ಎಂದು ಡರ್ಮಟ್‌ನ ಕೆಂಡಕ್ಕೆ ಇನ್ನಷ್ಟು ಗಾಳಿ ಬಿತ್ತು.

"ಉಪ್ಪು ಇಪ್ಪತ್ತನಾಲ್ಕಕ್ಕೆ ಬಂದಿದೆ," ಎಂದಳು ಟೆಸ್ಸಾ. "ಇಪ್ಪತ್ತೊಂದಾದ ತಕ್ಷಣ ಪಂಪು ನಿಲ್ಲಿಸ್ತೀನಿ. ಅದಕ್ಕೂ ಮೊದಲೇ ನಿಲ್ಸಿದ್ರೆ ತುಂಬಾ ಹೊತ್ತು ಹೊಸ ನೀರಿಲ್ಲದೆ ಮರಿಗಳಿಗೆ ಉಸಿರು ಕಟ್ಟತ್ತೆ. ಸ್ವಲ್ಪ ಕಣ್ಣಿಟ್ಟಿರು ಡರ್ಮಟ್." ಒಲೆಯೊಳಗಿನ ಕುರಿಮಾಂಸಕ್ಕೆ ಹಾಕಲು ಹಿತ್ತಲಿನಿಂದ ರೋಸ್‌ಮೆರಿ ಸೊಪ್ಪು ತರಲು ಕೊಡೆ ಹಿಡಿದು ಹೋದಳು.

ಇದೇ ಸಮಯ ಎಂದುಕೊಂಡ ಡರ್ಮಟ್. ಫರ್ಗಸ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಂಪ್ಯೂಟರಿನ ಹಿನ್ನೆಲೆಯಲ್ಲಿ ದುಡಿಯುತ್ತಿರುವವರ ಪಟ್ಟಿಯನ್ನು ತೆರೆದ. ಅಲ್ಲಿ ಸುರಂಗದ ಆಳುಗಳು ಇಬ್ಬರಿದ್ದರು. ಒಬ್ಬನಿಗೆ ಎಂಟು ದಿನ. ಅವನು ತನ್ನವನು. ಇನ್ನೊಬ್ಬನಿಗೆ ನಲವತ್ತೊಂದು ದಿನ.

ನಲವತ್ತೊಂದು ದಿನದ ಹಿಂದೆ ಊರಲ್ಲಿ ಕರೆಂಟು ಹೋಗಿತ್ತು, ಬಂದ ಮೇಲೆ ಟೆಸ್ಸಾ 'ಸಿಂಪಿ' ಚಿಹ್ನೆ ಒತ್ತಿ ಸುರಂಗವನ್ನು ಮತ್ತೆ ಶುರು ಮಾಡಿದ್ದಳು. ಅಂದರೆ ಅದು ಹಳೆಯ ಸುರಂಗ. ಅಂದರೆ ಚಿಹ್ನೆ ಅಳಿಸಿದರೂ ಫರ್ಗಸ್‌ನ ಆಳು ಸತ್ತಿರಲಿಲ್ಲ. ತನ್ನ ಮನೆಯಲ್ಲಿ, ತನ್ನ ಬ್ರೆಡ್ಡಿನ ಡಬ್ಬಿಯ ಪಕ್ಕದಲ್ಲಿ, ಪರದೆಯ ಹಿಂದೆ ಆರಾಮಾಗಿ ಕೂತಿದ್ದ. ಡರ್ಮಟ್‌ನ ಕಿವಿ ಕೆಂಪಾಯಿತು.

"ನಿನ್ನ ಹಳೇ ಕೆಲಸ ಇನ್ನೂ ಇಲ್ಲೇ ಬಿದ್ದಿದೆ ಫರ್ಗಸ್," ಎಂದ ಜೇನು ಸುರಿಸುತ್ತಾ. "ತೆಗೆದುಹಾಕಿದ್ರೆ ಬೇಜಾರಿಲ್ಲ ತಾನೆ?"

"ನಂಗ್ಯಾಕೆ ಬೇಜಾರು?" ಎಂದ ಫರ್ಗಸ್, ಕೇಕು ಅಗಿಯುತ್ತಾ.

ಎಂಥ ಅಹಂಕಾರ! ಡರ್ಮಟ್ ಮೆತ್ತಗಿನ ಕ್ರಮಗಳನ್ನೆಲ್ಲ ಬದಿಗಿಟ್ಟು, ಕೊನೆಯ ನೀರು ಕುಡಿಯಲೂ ಬಿಡದಂಥ ಒಂಬತ್ತನೇ ನಂಬರಿನ ಆಜ್ಞೆ ಹೊರಡಿಸಿದ. ನಲವತ್ತೊಂದು ದಿನದ ಆಳು ಅಲ್ಲೇ ಹತನಾದ.

ಕೊಡೆ ಮಡಚುತ್ತಾ ಬಂದ ಟೆಸ್ಸಾ ಪರದೆಯನ್ನು ನೋಡಿದಳು. "ಉಪ್ಪು ಎಲ್ಲಿ ಹೋಯ್ತು?"

ಪುಟವಿದ್ದ ಜಾಗದಲ್ಲಿ ಬಿಳಿ ಹಾಳೆ, ನಡುವೆ 'ಬಾಗಿಲಲ್ಲಿ ಯಾರೂ ಇಲ್ಲ' ಎಂಬರ್ಥದ ಒಂದು ಸಾಲು.

"ಒಂದು ನಿಮಿಷ," ಎಂದ ಡರ್ಮಟ್.

ಆ ಒಂದು ನಿಮಿಷದಲ್ಲಿ ಅವನಿಗೆ ಜ್ಞಾನೋದಯವಾಯಿತು, ಅದೂ ಬೇಡವೆಂದರೂ ಕೇಳದೆ. ಒಂದು ಬಾಗಿಲಿಗೆ ಒಬ್ಬನೇ ಆಳು. ಎಂಟು ದಿನದ ಹಿಂದೆ ಅವನ ಆಳು ಬಂದಾಗ ಬಾಗಿಲಲ್ಲಿ ಆಗಲೇ ಇನ್ನೊಬ್ಬನಿದ್ದ. 'ಜಾಗ ಇಲ್ಲ ಸ್ವಾಮಿ' ಎಂದು ಹೇಳಲು ಹೊರಟವನ ಬಾಯಿಗೆ ಡರ್ಮಟ್ಟೇ ಬಟ್ಟೆ ತುರುಕಿದ್ದ. ಪಾಪ, ಅವನು ಹೇಳಿದಂತೆ ಹಿನ್ನೆಲೆಗೆ ಹೋಗಿ, ಒಂದು ಗುದ್ದಲಿ ಮಣ್ಣನ್ನೂ ಎತ್ತದೆ ಎಂಟು ದಿನ ನಿಂತೇ ಇದ್ದ. ಟೆಸ್ಸಾಳ ಮೂವತ್ತೆರಡು ನಗುವೂ ಹಳೆಯ ಸುರಂಗದ್ದೇ ಆಗಿತ್ತು.

"ಏನಿಲ್ಲ, ನನ್ನದನ್ನ ಹೊಸದಾಗಿ ಶುರು ಮಾಡಿದ್ರಾಯ್ತು," ಎಂದು ತನ್ನ ಆಳನ್ನೂ ಕೊಂದು ಮತ್ತೆ ಹುಟ್ಟಿಸಿದ. ಈಗ ಬಾಗಿಲು ಖಾಲಿ. ತಟ್ಟಿದ. ಪುಟ ತೆರೆಯಿತು.

ಟೆಸ್ಸಾ ಬಗ್ಗಿ ಓದಿದಳು. "ಬುಧವಾರ, ಹಳದಿ ಮುಚ್ಚಳದ ಕಸದ ತೊಟ್ಟಿ. ಮುಂದಿನ ಬುಧವಾರ, ಹಸಿರು ಮುಚ್ಚಳ." ತಲೆಯೆತ್ತಿ ಗಂಡನನ್ನು ನೋಡಿದಳು. "ಡರ್ಮಟ್, ಇದೇನು?"

"ನಮ್ಮ ಕಚೇರಿದು," ಎಂದ ಅವನು. ಸಾಲನ್ನು ನಕಲು ಮಾಡುವಾಗ ಈಚೆ ತುದಿಯ ಸಂಖ್ಯೆ ಬದಲಿಸಿದವನು ಆಚೆ ತುದಿಯ ಹೆಸರು ಬದಲಿಸುವುದನ್ನು ಮರೆತಿದ್ದ. ಅವನ ಮಹಾ ಸುರಂಗ ಸೀದಾ ನಗರಸಭೆಯ ಕಸ ವಿಭಾಗಕ್ಕೆ ಹೋಗಿ ಎದ್ದಿತ್ತು.

"ನನ್ನ ಮರಿಗಳು ಸಾಯ್ತಿದಾವೆ ಅಲ್ಲಿ, ನೀನು ನಂಗೆ ಕಸದ ತೊಟ್ಟಿ ತೋರಿಸ್ತಿದೀಯ."

ಅವಳು ಕೂಗಲಿಲ್ಲ. ಕೂಗಿದ್ದರೆ ಡರ್ಮಟ್ ತಡೆದುಕೊಳ್ಳುತ್ತಿದ್ದ. ಆಚೆ ಹೆಸರು ಬದಲಿಸಲು ಹೋದ, ಅವಸರದಲ್ಲಿ ಎರಡು ಸಲ ತಪ್ಪು ಬಂತು. ಮೂರನೇ ಸಲ ಶೆಡ್ಡು ಗುಪ್ತಪದ ಕೇಳಿತು. ಅವನಿಗೆ ಅದು ಗೊತ್ತಿರಲಿಲ್ಲ. ಗೋಡೆಯ ಗಡಿಯಾರ ಟಕಟಕ ಎನ್ನುತ್ತಿತ್ತು. ಆಗ ಅವನು ತನ್ನ ಜೀವಮಾನದ ಅತಿ ಕಷ್ಟದ ಮಾತನ್ನು ಬಾಯಿಂದ ಹೊರಡಿಸಿದ.

"ಫರ್ಗಸ್, ನೀನೇ ಕೂತ್ಕೊ. ನೀನೇ ಮೊದಲು ಮಾಡಿದ್ದು ತಾನೆ, ಮತ್ತೆ ಮಾಡಿಬಿಡು."

ಫರ್ಗಸ್ ಅಗಿಯುವುದನ್ನು ನಿಲ್ಲಿಸಿದ. "ನಾನಾ? ನಂಗೆ ಬಂದಿರೋ ಮೇಲ್ ತೆಗೆದು ಓದೋಕೂ ತಂಗಿ ಬರಬೇಕು."

"ಮತ್ತೆ ಆ ಸುರಂಗ?"

"ನಾನು ಮಾಡಿದ್ದು," ಎಂದಳು ಟೆಸ್ಸಾ. "ಸ್ವಲ್ಪ ಸರಿ ಆ ಕಡೆ."

ಡರ್ಮಟ್ ಸರಿದ. "ಫರ್ಗಸ್ ಪಕ್ಕದಲ್ಲಿ ಕೂತಿದ್ದ, ಒಂದು ಗಂಟೇಲಿ ಮುಗೀತು ಅಂದ್ಯಲ್ಲ?"

"ಕೂತಿದ್ದ. ಟೋಸ್ಟ್ ತಿಂತಾ ಕೂತಿದ್ದ. ಕೀಲಿಮಣೆ ಮುಟ್ಟಲಿಲ್ಲ, ಪಾಠ ಹೇಳಲಿಲ್ಲ, 'ಅಯ್ಯೋ ಹಾಗಲ್ಲ' ಅನ್ನಲಿಲ್ಲ. ಅದಕ್ಕೂ ಮೊದಲು ಒಂದ್ಸಲ ನೀನಿದ್ದಾಗ ಶುರು ಮಾಡಿದ್ದೆ, ಮರೆತ್ಯಾ? ನಲವತ್ತು ನಿಮಿಷ ಭಾಷಣ ಮಾಡಿದೆ. ಆಮೇಲೆ ನೀನೇ ಸರಿ ಮಾಡ್ತೀನಿ ಅಂತ ಕೂತೆ, ಆಮೇಲೆ ಅದು ನಡೀಲೇ ಇಲ್ಲ."

ಇಷ್ಟು ದಿನ ತಾನು ಹೊಟ್ಟೆ ಉರಿಸಿಕೊಂಡದ್ದು ಸ್ವಂತ ಹೆಂಡತಿಯ ಕೈಕೆಲಸದ ಮೇಲೆ ಎಂದು ತಿಳಿದ ಗಂಡಸು ಏನು ಮಾಡಬೇಕು ಎಂಬುದಕ್ಕೆ ಯಾವ ಪುಸ್ತಕದಲ್ಲೂ ಉತ್ತರವಿಲ್ಲ. ಡರ್ಮಟ್ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಫರ್ಗಸ್ ಮರುಕಪಟ್ಟು ಕೇಕಿನ ತಟ್ಟೆಯನ್ನು ಇವನ ಕಡೆ ಸರಿಸಿದ.

ಟೆಸ್ಸಾ ನಿಂತಲ್ಲೇ ಟೈಪ್ ಮಾಡಿದಳು, ನೆನಪಿನಿಂದಲೇ. ಕಸದ ತೊಟ್ಟಿಯ ಆಳನ್ನು ಮನೆಗೆ ಕಳಿಸಿದಳು. ಶೆಡ್ಡಿನ ಹೆಸರು, ಬಾಗಿಲಿನ ಸಂಖ್ಯೆ, ಹಿನ್ನೆಲೆಯ ಅಪ್ಪಣೆ. ಅಷ್ಟಕ್ಕೆ ನಿಲ್ಲದೆ ಕೊನೆಗೆ ಉದ್ದನೆಯ ಬಾಲವೊಂದನ್ನು ಸೇರಿಸಿದಳು. ಡರ್ಮಟ್ ಅಂಥ ಬಾಲವನ್ನು ಎಂದೂ ಹಾಕಿದವನಲ್ಲ. ಅದು ತಪ್ಪು ಎಂದು ಅವನಿಗೆ ಖಾತ್ರಿಯಾಯಿತು. ಬಾಯಿ ತೆರೆದ. ಫರ್ಗಸ್ ಅವನನ್ನೇ ನೋಡುತ್ತಿದ್ದ. ಡರ್ಮಟ್ ಬಾಯಿಗೆ ಕೇಕು ಹಾಕಿಕೊಂಡ.

ಗುಪ್ತಪದ ಕೊಟ್ಟು ಟೆಸ್ಸಾ ಗುಂಡಿ ಒತ್ತಿದಳು. ಪುಟ ತೆರೆಯಿತು. ಉಪ್ಪು ಇಪ್ಪತ್ತು ದಶಾಂಶ ಆರು. ಪಂಪು ನಿಲ್ಲಿಸಿ ಅವಳು ಕುರ್ಚಿಗೆ ಕುಸಿದಳು. ಆಚೆ ದಡದಲ್ಲಿ ಇಪ್ಪತ್ತು ಲಕ್ಷ ಮರಿಗಳು ಚಿಪ್ಪು ಮುಚ್ಚಿ ನಿಶ್ಚಿಂತೆಯಿಂದಿದ್ದವು.

ಡರ್ಮಟ್ ಕೆಳದನಿಯಲ್ಲಿ ಕೇಳಿದ, "ಕೊನೇಲಿ ಏನೋ ಸೇರಿಸಿದ್ಯಲ್ಲ, ಏನದು?"

"ಅದಾ? ಬಾಗಿಲು ಸಿಗದೇ ಇದ್ರೆ ಹಿಂದೆ ಹೋಗಿ ಸುಮ್ನೆ ನಿಂತ್ಕೋಬೇಡ, ಬಂದ ಕೆಲಸ ಆಗಲಿಲ್ಲ ಅಂತ ಹೇಳಿ ಅಲ್ಲೇ ಪ್ರಾಣ ಬಿಡು ಅಂತ. ಕೈಪಿಡೀಲೇ ಇದೆ. ನಿಮ್ಮ ಕಚೇರೀಲಿ ಹಾಕಲ್ವಾ?"

"ಹಾಕ್ತೀವಿ," ಎಂದ ಡರ್ಮಟ್. ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಚೇರಿಗೆ ಹೋಗಿ, ಹಾಕಿದ.