ಕಡಲ ಹದ್ದೂ ಮೂರನೇ ಒತ್ತಾಯವೂ

ಮರ್ಯಾದಸ್ಥರ ಮನೆಯಲ್ಲಿ ಬೆಳೆದವರಷ್ಟು ಹಸಿದು ಮಲಗುವವರು ಬೇರೆ ಯಾರೂ ಇಲ್ಲ ಅನ್ನುವುದು ಹೋದ ಚಳಿಗಾಲದಲ್ಲಿ ನನಗೆ ಖಾತ್ರಿಯಾಯಿತು. ಧಾರವಾಡದ ಮಾತು ಬಹಳ ಮೆತ್ತಗೆ ಅಂತ ಹೊರಗಿನವರು ಹೊಗಳುತ್ತಾರೆ. ಹೊಗಳುವವರಿಗೇನು, ಆ ಮೆತ್ತನೆಯ ಮಾತಿನೊಳಗೆ ಬದುಕಬೇಕಾದವರು ನಾವು. ನನ್ನನ್ನು ಬೆಳೆಸಿದ ಅಜ್ಜಿಯ ಕಟ್ಟಳೆ ಹೀಗಿತ್ತು: ಯಾರೇ ಏನೇ ಕೊಡಲು ಬರಲಿ, ಎರಡು ಸಲ ಬೇಡ ಅನ್ನಬೇಕು, ಮೂರನೆಯ ಸಲಕ್ಕೆ ತಗೋಬೇಕು. “ಒಂದನೇ ಸಲಕ್ಕ ಹೂಂ ಅಂದಾಕಿ ಹಸದಾಕಿ, ಎರಡನೇ ಸಲಕ್ಕ ಅಂದಾಕಿ ಆಸಬುರಕಿ, ಮೂರನೇ ಸಲಕ್ಕ ಅಂದಾಕಿ ಛಲೋ ಮನಿತನದಾಕಿ.” ಅದರ ಜೋಡಿಗೆ ಇನ್ನೊಂದು ಕಟ್ಟಳೆ. ಎಲ್ಲಿಗಾದರೂ ಹೊರಟ ಸುದ್ದಿಯನ್ನು ಯಾರ ಮುಂದಾದರೂ ಬಾಯಿಬಿಟ್ಟರೆ, “ನೀವೂ ಬರ್ರಲಾ” ಅನ್ನದೆ ಮಾತು ಮುಗಿಸಬಾರದು. ಕರೆದರೆ ಯಾರೂ ಬರುವುದಿಲ್ಲ, ಕರೆಯದಿದ್ದರೆ ಮಾತ್ರ ಸಾಯುವ ತನಕ ನೆನಪಿಡುತ್ತಾರೆ. ಅಜ್ಜಿಯ ಕಾಲದಲ್ಲಿ ಇದೆಲ್ಲ ನಡೆಯಿತು. ಅವಳ ಕಾಲದಲ್ಲಿ ಏಳು ಸೀಟಿನ ಕಾರು ಇರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಬೆಳಗಾದರೆ ಕೊರಳಿಗೆ ದುರ್ಬೀನು ಹಾಕಿಕೊಂಡು ಕೆಲಗೇರಿ ಕೆರೆಯ ದಂಡೆಗೆ ಹೋಗಿ ಹಕ್ಕಿ ನೋಡುವುದು ನನ್ನ ಚಟ. ನಮ್ಮ ಮನೆಯವರಿಗೆ, ಅಂದರೆ ನನ್ನ ಗಂಡನಿಗೆ, ಇದು ಯಾವತ್ತೂ ಅರ್ಥವಾಗಿಲ್ಲ. “ಎಲ್ಲಾ ಹಕ್ಕೀನೂ ಒಂದ. ಹಾರತಾವ, ಕೂಡ್ತಾವ, ನಮ್ಮ ಸ್ಕೂಟರ್ ಮ್ಯಾಲ ಹೇಲತಾವ” ಅನ್ನುವುದು ಅವರ ಪಕ್ಷಿಶಾಸ್ತ್ರ. ಕೆರೆಯಲ್ಲಿ ನನಗೆ ಸಿಗದ ಒಂದು ಹಕ್ಕಿ ಇತ್ತು, ಬಿಳಿಹೊಟ್ಟೆಯ ಕಡಲ ಹದ್ದು. ಮೂವತ್ತು ವರ್ಷದಿಂದ ಅದನ್ನು ಚಿತ್ರದಲ್ಲೇ ನೋಡುತ್ತ ಬಂದಿದ್ದೆ. ದೀಪಾವಳಿ ಮುಗಿದ ಮೇಲೆ ಕುಮಟಾ ಕಡೆಯ ಗೆಳತಿ ಸುಮಿತ್ರಾ ಫೋನು ಮಾಡಿದಳು. ಅವರೂರಿನಲ್ಲಿ ಹೊಳೆ ಸಮುದ್ರ ಸೇರುವ ಅಳಿವೆಯ ಬದಿಗೆ, ರಸ್ತೆಗೆ ಹತ್ತಿಕೊಂಡೇ ಒಂದು ಮುದಿ ಮಾವಿನ ಮರ. ಅದರ ತುದಿಯಲ್ಲಿ ಕಡಲ ಹದ್ದಿನ ಜೋಡಿ ಗೂಡು ಕಟ್ಟಿದೆಯಂತೆ. “ಈ ಸಲ ಬಂದ್ರೆ ಬಂದೆ. ಬೇಸಿಗೆಯಲ್ಲಿ ರಸ್ತೆ ಅಗಲ ಮಾಡ್ತಾರೆ, ಮರಕ್ಕೆ ಗುರುತು ಹಾಕಿ ಆಯ್ತು ಮಾರಾಯ್ತಿ” ಅಂದಳು. ಮುಂದಿನ ವರ್ಷ ನೋಡೋಣ ಅನ್ನಲು ಮುಂದಿನ ವರ್ಷಕ್ಕೆ ಮರವೇ ಉಳಿಯುವಂತಿರಲಿಲ್ಲ.

ಈ ಸಂಕಟವನ್ನು ಇಮ್ತಿಯಾಜಭಾಯಿಯ ಮುಂದೆ ಹೇಳಿಕೊಂಡೆ. ಹುಬ್ಬಳ್ಳಿಯಲ್ಲಿ ಟೈರಿನ ಅಂಗಡಿ ಇಟ್ಟ ಮನುಷ್ಯ. ಅವರ ಮಗಳು ನನ್ನ ಹತ್ತಿರ ಕಲಿತವಳು. ಹೊಸದಾಗಿ ಏಳು ಸೀಟಿನ ಗಾಡಿ ತಗೊಂಡು, ಅದನ್ನು ಓಡಿಸಲು ನೆಪ ಹುಡುಕುತ್ತಿದ್ದರು. “ಅಕ್ಕೋರ, ನೀವ ಹೂಂ ಅನ್ರಿ ಸಾಕು. ಗಾಡಿ ನಂದು, ದಾರಿ ನಿಮ್ದು” ಅಂದರು. ಅವರ ಹೆಂಡತಿ ಶಬಾನಾ ಬರುವುದೂ ಅಲ್ಲೇ ನಿಶ್ಚಯವಾಯಿತು. ನಾನು ಕೂತು ಯೋಜನೆ ಹಾಕಿದೆ. ಸಮುದ್ರದ ನೀರು ಇಳಿಯುವ ಹೊತ್ತಿಗೆ ಅಳಿವೆಯಲ್ಲಿರಬೇಕು, ಆಗ ಕೆಸರಿನ ಮೇಲೆ ವಲಸೆ ಹಕ್ಕಿಗಳೂ ಸಿಗುತ್ತವೆ. ಹಾಗಾದರೆ ಇನ್ನೂ ಕತ್ತಲಿರುವಾಗಲೇ ಧಾರವಾಡ ಬಿಡಬೇಕು. ಇಲ್ಲಿ ಸ್ವೆಟರು, ಘಟ್ಟ ಇಳಿದರೆ ಬೆವರು. ಎರಡಕ್ಕೂ ಬಟ್ಟೆ ಬೇಕು. ಇಷ್ಟು ವರ್ಷದಲ್ಲಿ ನಾನು ಇಷ್ಟು ಸುಖವಾಗಿ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಆ ಸುಖ ಬಾಯಲ್ಲಿ ನಿಲ್ಲಬೇಕಲ್ಲ! ಬಾಜೂ ಮನೆಯ ಕುಲಕರ್ಣಿ ವಹಿನಿಯ ಮುಂದೆ ಹೇಳಿದೆ, ಹೇಳಿದ ಮೇಲೆ “ನೀವೂ ಬರ್ರಲಾ ವಹಿನಿ” ಅಂದೆ. ಅವರು ನನ್ನ ಅಜ್ಜಿಯ ಹತ್ತಿರ ಕಲಿತವರಲ್ಲ. “ಅಯ್ಯ, ಬರ್ತೀವಲಾ! ಇವರೂ ಸಮುದ್ರ ನೋಡಿ ಭಾಳ ದಿನ ಆತು” ಅಂದರು. ಉಪ್ಪಿನಬೆಟಗೇರಿಯ ನಾದಿನಿ ಸಂತೆಗೆ ಬಂದಾಗ ಅವರನ್ನೂ ಕರೆದೆ. “ನಾವು ಗಂಡಹೆಂಡತಿ ಇಬ್ಬರೂ ತಯಾರ” ಅಂದರು. ಹಕ್ಕಿ ಅಂದರೆ ಸ್ಕೂಟರ್ ಒರೆಸುವ ನಮ್ಮ ಮನೆಯವರು ಸಹಿತ, “ಎಲ್ಲಾರೂ ಹೊಂಟಾರಂದ್ರ ನಾ ಒಬ್ಬಾಂವ ಮನ್ಯಾಗ ಏನ್ ಮಾಡ್ಲಿ” ಅಂತ ಎದ್ದು ನಿಂತರು. ಒಬ್ಬೊಬ್ಬರು ಸೇರಿದಂತೆ ಯೋಜನೆಯೂ ಕೆಟ್ಟಿತು. ಒಬ್ಬರಿಗೆ ಗೋಕರ್ಣ ಬೇಕು, ಒಬ್ಬರಿಗೆ ಮೀನಿನ ಊಟ, ಒಬ್ಬರಿಗೆ ಅಲೆಯಲ್ಲಿ ಕಾಲಾಡಿಸಬೇಕು. ಹದ್ದಿನ ಮರ ಮಾತ್ರ ಉಳಿಯಿತು, ಅದೂ ಹೋಗುವ ದಾರಿಯಲ್ಲೇ ಇದ್ದದ್ದಕ್ಕೆ.

ಆಗ ಶಬಾನಾ ಬೆರಳು ಮಡಚಿ, ಏಳು ಸೀಟಿಗೆ ಎಂಟು ಜನ ಆಗಿದ್ದೇವೆ ಅಂತ ಕಂಡುಹಿಡಿದರು. ಎಲ್ಲರೂ ನಮ್ಮ ಮನೆಯ ಪಡಸಾಲೆಯಲ್ಲೇ ಕೂತಿದ್ದರು, ನಾನು ಚಹಾ ಕೊಡುತ್ತಿದ್ದೆ. ಮನೆಯ ಯಜಮಾನ್ತಿ ಆ ಹೊತ್ತಿಗೆ ಏನು ಅನ್ನಬೇಕೋ ಅದನ್ನೇ ಅಂದೆ: “ನಾ ಉಳಕೋತೀನಿ ತಗೋರಿ. ನೀವು ಹೋಗಿ ಬಂದ್ರ ನಾ ಹೋಗಿ ಬಂದಂಗ.” ಇಂಥ ಮಾತಿಗೆ ಒಂದು ಗಲಾಟೆ ಏಳಬೇಕು. ಏಳಲಿಲ್ಲ. ಚಹಾ ಸೊರ್ರೆಂದು ಹೀರುವ ಸಪ್ಪಳ ಕೇಳಿಸಿತು. ಕೊನೆಗೆ ಇಮ್ತಿಯಾಜಭಾಯಿ ಒಬ್ಬರೇ, “ಅದ್ಹೆಂಗ್ರಿ ಅಕ್ಕೋರ? ನೀವ ಇಲ್ದ ನಾವ ಏನ್ ನೋಡೂದು?” ಅಂದರು. ಪುಣ್ಯಾತ್ಮ! ಇದು ಒಂದನೇ ಒತ್ತಾಯ. “ಛೇ, ಬ್ಯಾಡ್ರಿ” ಅಂದೆ. “ಇಲ್ಲ, ನೀವ ಬರಬೇಕ್ರಿ” ಅಂದರು. ಎರಡನೇದು. “ಖರೇನ ಬ್ಯಾಡ್ರಿ ಭಾಯಿ, ನನಗ ಪೇಪರ್ ತಿದ್ದೂದದ” ಅಂದೆ, ಮನಸ್ಸಿನಲ್ಲಿ ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದೆ. ಅವರು ಮೂರನೆಯದಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ನಮ್ಮ ಮನೆಯವರು ಬಿಸ್ಕೀಟು ಚಹಾದಲ್ಲಿ ಅದ್ದುತ್ತ, “ಬಿಡ್ರಿ ಭಾಯಿ, ಆಕಿ ಒಮ್ಮೆ ಒಲ್ಲೆ ಅಂದ್ರ ಮುಗೀತು. ಭಾಳ ಗಟ್ಟಿ ಹೆಂಗಸು” ಅಂದರು. ನನ್ನ ಬಗ್ಗೆ ಅವರು ಜನರ ಮುಂದೆ ಒಳ್ಳೆಯ ಮಾತು ಆಡಿದ್ದು ಅದೇ ಮೊದಲು. ವಹಿನಿ, “ನಿಮ್ಮಂಥಾ ದೊಡ್ಡ ಮನಸು ಯಾರಿಗದರೀ” ಅಂತ ಕಣ್ಣು ತುಂಬಿಕೊಂಡರು. ದೊಡ್ಡ ಮನಸ್ಸಿನವಳು ಒಳಗೆ ಹೋಗಿ ಹಾಲಿನ ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಟ್ಟಳು.

ಹೊರಡುವ ದಿನ ಎಲ್ಲರಿಗಿಂತ ಮೊದಲು ಎದ್ದು ಅವಲಕ್ಕಿ ಕಟ್ಟಿಕೊಟ್ಟೆ. ನಾನೂ ಸ್ನಾನ ಮಾಡಿ, ಸ್ವೆಟರಿನ ಒಳಗೆ ಕರಾವಳಿಯ ತೆಳ್ಳನೆಯ ಚೂಡಿದಾರ ಹಾಕಿಕೊಂಡು, ಬೂಟನ್ನೂ ಕಟ್ಟಿಕೊಂಡು ಗೇಟಿನ ಹತ್ತಿರ ನಿಂತೆ. ಯಾರಿಗೆ ಗೊತ್ತು, ಮೂರನೆಯ ಒತ್ತಾಯ ಗೇಟಿನಲ್ಲೂ ಬರಬಹುದು. ವಹಿನಿ ನನ್ನ ಕಾಲು ನೋಡಿ, “ವಾಕಿಂಗ್ ಹೊಂಟ್ರಿ? ಇಷ್ಟ ಥಂಡ್ಯಾಗ?” ಅಂದರು. ನಮ್ಮ ಮನೆಯವರು, “ದುರ್ಬೀನ ಇತ್ತ ಕೊಡು, ಹಡಗ ಕಂಡ್ರ ನೋಡಾಕ ಬೇಕು” ಅಂದರು. ಕೊರಳಿಂದ ತೆಗೆದು ಕೊಟ್ಟೆ. ನಾದಿನಿ ಗಂಡಹೆಂಡತಿ ಬಸ್ ಸ್ಟ್ಯಾಂಡಿನಲ್ಲಿ ಹತ್ತುವವರಿದ್ದರು. ಗಾಡಿ ಓಣಿ ತಿರುಗಿತು.

ಮರುದಿನ ಸಂಜೆ ಎಲ್ಲರೂ ಬಿಸಿಲಿಗೆ ಮೂಗು ಕೆಂಪಗೆ ಮಾಡಿಕೊಂಡು ನಮ್ಮ ಮನೆಗೇ ಬಂದು ಇಳಿದರು. ನಾನು ತಡೆಯಲಾರದೆ, “ಹದ್ದು ಕಂಡವ?” ಅಂತ ಕೇಳಿದೆ. “ಕಂಡವಲಾ” ಅಂದರು ನಮ್ಮ ಮನೆಯವರು. “ಅಮರಗೋಳದ ಮಾರ್ಕೆಟ್ಟಿನ್ಯಾಗ ಹಾರಾಡ್ತಾವಲಾ, ಅಂಥಾವ. ಇವು ಒಂದೀಟ ಬೆಳ್ಳಗ. ಮರಿಗೆ ಮೀನ ತಂದ ಕೊಟ್ಟಿತು. ನಮಗೂ ಊಟದ ನೆನಪಾತು, ಹೊಂಟ್ವಿ.” ಮರಿಗೆ ಮೀನು ತಂದು ಕೊಟ್ಟಿತ್ತು! ಅದನ್ನು ನೋಡಲು ನನಗೆ ಮೂವತ್ತು ವರ್ಷ ಸಾಲಲಿಲ್ಲ, ಇವರಿಗೆ ಹಸಿವಾಗುವ ತನಕದ ಹೊತ್ತು ಸಾಕಾಯಿತು.

ಇಮ್ತಿಯಾಜಭಾಯಿ ಮಾತ್ರ ಚಹಾ ಮುಟ್ಟದೆ ಕೂತಿದ್ದರು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು: “ಅಕ್ಕೋರ, ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ನಾದಿನಿಯವರ ಯಜಮಾನ್ರು ಬರಲೇ ಇಲ್ಲ. ಎಮ್ಮಿ ಈಯಾಕತ್ತಿತ್ತಂತ. ಹಿಂದಿನ ಸೀಟ ಖಾಲಿ. ಬಸ್ ಸ್ಟ್ಯಾಂಡಿಂದ ಗಾಡಿ ತಿರಗಸ್ತೇನಿ, ಅಕ್ಕೋರನ್ನ ಕರಕೊಂಡ ಬರೂಣು ಅಂದೆ.” “ನಾನ ಬ್ಯಾಡಂದೆ” ಅಂತ ನಮ್ಮ ಮನೆಯವರು ಹೆಮ್ಮೆಯಿಂದಲೇ ಹೇಳಿದರು. “ಒಲ್ಲೆ ಅಂದಾಕಿನ್ನ ಮತ್ತ ಮತ್ತ ಕರದು ಸಂಕೋಚಕ್ಕ ಹಾಕೂದು ಛಲೋ ಅಲ್ಲ. ಆ ಸೀಟಿನ್ಯಾಗ ಬ್ಯಾಗ ಇಟ್ವಿ.” ಗಾಡಿ ಬಸ್ ಸ್ಟ್ಯಾಂಡಿನಲ್ಲಿ ನಿಂತ ಹೊತ್ತಿಗೆ ನಾನು ಇನ್ನೂ ಬೂಟು ಬಿಚ್ಚಿರಲಿಲ್ಲ. “ಛಲೋ ಮಾಡಿದ್ರಿ” ಅಂದೆ. ಅನ್ನುವಾಗ ನಕ್ಕೆ ಕೂಡ.

ಬೇಸಿಗೆ ಬಂತು. ಸುಮಿತ್ರಾ ಫೋನು ಮಾಡಿ, ಮರ ಕಡಿದರು ಅಂದಳು. ಮರಿ ಅಷ್ಟರೊಳಗೆ ಹಾರಿ ಹೋಗಿತ್ತಂತೆ. ದೊಡ್ಡವು ಮಾತ್ರ ಎರಡು ದಿನ ಮರ ಇದ್ದ ಜಾಗದ ಮೇಲೆ ಸುತ್ತಿ, ಆಮೇಲೆ ಕಾಣಲಿಲ್ಲ. “ನೀ ಯಾಕೆ ಬರಲಿಲ್ಲ?” ಅಂತ ಕೇಳಿದಳು. ಜಾಗ ಇರಲಿಲ್ಲ ಅನ್ನುವಂತಿಲ್ಲ, ಇತ್ತು. ಕರೆಯಲಿಲ್ಲ ಅನ್ನುವಂತೆಯೂ ಇಲ್ಲ, ಕರೆದಿದ್ದರು. “ಪೇಪರ್ ತಿದ್ದೂದಿತ್ತು” ಅಂದೆ. ಅವಳು ನಿಟ್ಟುಸಿರುಬಿಟ್ಟು, “ಹೋಗ್ಲಿ, ಹದ್ದಿಲ್ಲದಿದ್ರೂ ಸಮುದ್ರ ಇದೆ, ನಾಲ್ಕು ದಿನ ಇದ್ದು ಹೋಗು, ಬಾ” ಅಂದಳು. ಇದು ಒಂದನೇದು. “ಈಗೆಲ್ಲಿ ಆಗ್ತದ ಬಿಡ” ಅಂದೆ. “ಹಾಗಾ? ಸರಿ ಹಾಗಾದ್ರೆ” ಅಂತ ಅವಳು ಫೋನು ಇಟ್ಟಳು. ಕರಾವಳಿಯ ಜನ, ಮಾತು ನೇರ. ನಾನು ಫೋನನ್ನು ಕಿವಿಗೆ ಹಿಡಿದುಕೊಂಡೇ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ.