ಎರಡನೆಯ ಅಭಿಪ್ರಾಯ

ಮುಳಬಾಗಿಲಿನಲ್ಲಿ ಆ ದಿನ ಕೋದಂಡರಾಮಪ್ಪನವರ ನೆಂಟರ ಮನೆಯ ನಿಶ್ಚಿತಾರ್ಥ ಇಲ್ಲದೆ ಹೋಗಿದ್ದರೆ ಗಂಗಾಧರನ ಗ್ರಹಚಾರ ಅಷ್ಟು ಕೆಡುತ್ತಿರಲಿಲ್ಲ. ಅವರು ಕೋಲಾರದ ಒಂದು ಬಿ.ಎಡ್. ಕಾಲೇಜಿನ ಪ್ರಿನ್ಸಿಪಾಲರು. ಇವನು ಅಲ್ಲಿ ಇನ್ನೂ ಕಾಯಂ ಆಗದ ಮೇಷ್ಟ್ರು. ಒಗ್ಗರಣೆಯ ಕರಿಬೇವಿನ ಬಾಳು: ಅಡುಗೆಗೆ ಬೇಕೇ ಬೇಕು, ಊಟಕ್ಕೆ ಕೂತಾಗ ಎಲೆಯ ಅಂಚಿಗೆ.

ಸಂಶೋಧನಾ ಪತ್ರಿಕೆಯಲ್ಲಿ ಒಂದು ಲೇಖನ ಅಚ್ಚಾದರೆ ಕೆಲಸ ಕಾಯಂ ಎಂದಿತ್ತು ಆಡಳಿತ ಮಂಡಳಿ. ಅದಕ್ಕಾಗಿ ಗಂಗಾಧರ ಶ್ರೀನಿವಾಸಪುರದ ತೋಪುಗಳಲ್ಲಿ ಚಪ್ಪಲಿ ಸವೆಸಿ, ಮಾವು ಕೀಳುವ ಕಾಲಕ್ಕೆ ಮಕ್ಕಳು ಶಾಲೆಗೆ ಯಾಕೆ ಬರುವುದಿಲ್ಲ ಎಂದು ಬರೆದಿದ್ದ. ಮಂಡಿಯಲ್ಲಿ ಹಣ್ಣು ಆರಿಸುತ್ತಲೇ ಭಾಗಾಕಾರ ಕಲಿತ ಕೌಸರ್ ಎಂಬ ಹುಡುಗಿಯ ಕತೆಯನ್ನೂ ಸೇರಿಸಿದ್ದ. ಭಾಷೆ ತಿದ್ದಲು ಕನ್ನಡದ ಶಾಮಲಮ್ಮನ ಕೈಗೆ ಕೊಟ್ಟ. ಆಕೆ ತಿದ್ದಿ, ಇವನಿಗೆ ತೋರಿಸದೆ, ಗುಮಾಸ್ತ ಕದಿರೇಶನಿಂದ ನೇರ ಪತ್ರಿಕೆಗೆ ಕಳಿಸಿಬಿಟ್ಟಳು.

"ಒಂದ್ಸಲ ನೋಡ್ಬೇಕಿತ್ತು ಮೇಡಂ" ಅಂದಿದ್ದಕ್ಕೆ, "ಯಾಕ್ರೀ, ನನ್ಮೇಲೆ ನಂಬ್ಕೆ ಇಲ್ವಾ?" ಅಂದಿದ್ದಳು.

ಆಮೇಲೆ ಪತ್ರಿಕೆಯಿಂದ ಸುದ್ದಿಯೇ ಇಲ್ಲ. ಆ ಪತ್ರಿಕೆಯವರದು ಕಣ್ಣಾಮುಚ್ಚಾಲೆಯ ಪದ್ಧತಿ. ಬರೆದವರ ಹೆಸರು ಅಳಿಸಿ ಇಬ್ಬರು ತಿಳಿದವರಿಗೆ ಕಳಿಸುತ್ತಾರೆ. ಬರೆದವರಾರೆಂದು ಓದುವವರಿಗೆ ಗೊತ್ತಿಲ್ಲ, ಓದಿದವರಾರೆಂದು ಬರೆದವರಿಗೆ ಗೊತ್ತಿಲ್ಲ. ಇಬ್ಬರೂ ಒಪ್ಪಿದರೆ ಅಚ್ಚು.

ನಿಶ್ಚಿತಾರ್ಥದ ಬೆಳಿಗ್ಗೆ ಪ್ರಿನ್ಸಿಪಾಲರು ರೇಷ್ಮೆ ಪಂಚೆಯಲ್ಲೇ ಬಂದು ಒಂದಷ್ಟು ಹಾಳೆಗಳನ್ನು ಗಂಗಾಧರನ ಮುಂದಿಟ್ಟರು.

"ಯಾವ್ದೋ ಪತ್ರಿಕೆಯವರು ಅಭಿಪ್ರಾಯ ಕೇಳಿ ಕಳ್ಸಿದಾರಯ್ಯಾ. ನಾನು ಮರ್ತೇ ಬಿಟ್ಟಿದ್ದೆ, ಸಂಜೆಯೊಳಗೆ ಬೇಕಂತೆ. ನೀನೇ ನೋಡಿ ಬರ್ದು ಕದಿರೇಶನ ಕೈಲಿ ನನ್ನ ಇ-ಮೇಲಿಂದ ಕಳ್ಸಿಬಿಡು."

"ನಾನಾ ಸಾರ್? ನಿಮ್ಮ ಹೆಸ್ರಲ್ಲಿ?"

"ಪರವಾಲೇದು. ಯಾರಿಗೂ ಬಾಯ್ಬಿಡ್ಬೇಡ ಅಷ್ಟೆ. ಹೊರಗೆ ಗೊತ್ತಾದ್ರೆ ನನ್ನ ಮಾನ ಹೋಗುತ್ತೆ, ನಿನ್ನ ಕೆಲ್ಸ ಹೋಗುತ್ತೆ."

ಗಂಗಾಧರ ಹಾಳೆ ತಿರುವಿದ. 'ಋತುಮಾನಾಧಾರಿತ ಫಲಸಂಗ್ರಹಣೆಯೂ ಗ್ರಾಮೀಣ ಬಾಲಹಾಜರಾತಿಯೂ' ಎಂದಿತ್ತು. ಮದುವೆ ಚಪ್ಪರದಷ್ಟು ಉದ್ದದ ಹೆಸರು. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಅವನ ಕಿವಿ ಬಿಸಿಯಾಯಿತು. ಇದು ಅವನದೇ ವಿಷಯ. ಊರಿನ ಹೆಸರೊಂದೂ ಇಲ್ಲ, 'ಅ ಗ್ರಾಮ', 'ಆ ಗ್ರಾಮ' ಎಂದಿದೆ. ಆದರೆ ಅಂಕಿಗಳು ಅವನವೇ. ಆರನೆಯ ಪುಟದಲ್ಲಿ ಕೌಸರ್ ಕೂಡ ಸಿಕ್ಕಳು, ಬುರ್ಖಾ ಹಾಕಿಸಿದ ಹಾಗೆ 'ಬಾಲಕಿಯೋರ್ವಳು' ಆಗಿ.

ಯಾರೋ ತನ್ನ ಲೇಖನವನ್ನು ಕದ್ದು, ಅದಕ್ಕೆ ಜರತಾರಿ ಉಡಿಸಿ ಕಳಿಸಿದ್ದಾರೆ. ಇದು ಮೊದಲು ಅಚ್ಚಾದರೆ ತನ್ನದನ್ನು ಯಾರು ಮೂಸುತ್ತಾರೆ? ಕಾಯಂ ಕೆಲಸ ಕೈ ಬಿಟ್ಟಂತೆಯೇ.

ಅಷ್ಟರಲ್ಲಿ ಶಾಮಲಮ್ಮ ಊಟದ ಡಬ್ಬಿ ಹಿಡಿದು ಬಂದಳು. ಊರವರ ಕಾಗದವನ್ನೆಲ್ಲ ತಿದ್ದುವ ಆಕೆಗೆ ನಿನ್ನೆ ತಿದ್ದಿದ್ದು ಇವತ್ತು ನೆನಪಿರುತ್ತಿರಲಿಲ್ಲ.

"ಯಾಕ್ರೀ, ಮುಖ ಬದ್ನೆಕಾಯಿ ಬಜ್ಜಿ ಆದಂಗಾಗಿದೆ?"

"ಕೇಳಿ ಇದನ್ನ. 'ಬಾಲಕಿಯೋರ್ವಳು ಫಲವಿಂಗಡಣೆಯ ಮುಖೇನ ಭಾಗಾಕಾರವನ್ನು ಕರಗತಗೊಳಿಸಿಕೊಂಡಳು.' ಇದೂ ಒಂದು ಭಾಷೇನಾ ಮೇಡಂ?"

"ಅದಕ್ಕೇನಾಗಿದೆ? ಗಟ್ಟಿಯಾಗಿದೆ. ನಾನಾಗಿದ್ರೂ ಹೀಗೇ ಬರೀತಿದ್ದೆ."

"ಕದ್ದ ಮಾಲು ಮೇಡಂ ಇದು."

"ಹಂಗಾದ್ರೆ ಬಿಡ್ಬೇಡಿ. ಕಳ್ಳರಿಗೆ ಕನಿಕರ ತೋರಿಸ್ಬಾರ್ದು" ಎಂದು ಶಾಮಲಮ್ಮ ಅವನಿಗೆ ಒಂದು ಉಪ್ಪಿನಕಾಯಿ ಹೋಳು ಕೊಟ್ಟು ಹೋದಳು.

ಉಪ್ಪಿನಕಾಯಿಯ ಖಾರವೆಲ್ಲ ಬರವಣಿಗೆಗೆ ಇಳಿಯಿತು. 'ಈ ಮಹಾಶಯರು ಮಾವಿನ ತೋಪನ್ನು ಕನಸಿನಲ್ಲೂ ಕಂಡವರಲ್ಲ. ಇದು ಬೇರೊಬ್ಬ ಪ್ರಾಮಾಣಿಕ ಸಂಶೋಧಕರ ದುಡಿಮೆಯ ಕಳವು. ಇದನ್ನು ಅಚ್ಚು ಮಾಡುವುದಿರಲಿ, ಕಳಿಸಿದವರನ್ನು ಹತ್ತಿರಕ್ಕೂ ಸೇರಿಸಬಾರದು.' ಕದಿರೇಶ ಅದನ್ನು ಪ್ರಿನ್ಸಿಪಾಲರ ಹೆಸರಿನಲ್ಲಿ ಕಳಿಸಿದ. ಗಂಗಾಧರನಿಗೆ ಬಹಳ ದಿನಗಳ ಮೇಲೆ ಹೊಟ್ಟೆ ತಣ್ಣಗಾಯಿತು.

ಸಂಚಿಕೆ ಅಚ್ಚಿಗೆ ಹೋಗಲು ಆ ಒಂದು ಅಭಿಪ್ರಾಯಕ್ಕೇ ಕಾದಿತ್ತೋ ಏನೋ, ಸಂಜೆಗೇ ಅವನ ಮೊಬೈಲಿಗೆ ಪತ್ರಿಕೆಯಿಂದ ಉತ್ತರ ಬಂತು. 'ತಮ್ಮ ಲೇಖನ ತಿರಸ್ಕೃತವಾಗಿದೆ. ಮೊದಲ ಪರಿಶೀಲಕರು ಬಹಳ ಮೆಚ್ಚಿದ್ದರು. ಎರಡನೆಯವರ ಅಭಿಪ್ರಾಯ ಕೆಳಗಿದೆ: ಈ ಮಹಾಶಯರು ಮಾವಿನ ತೋಪನ್ನು ಕನಸಿನಲ್ಲೂ...'

ಗಂಗಾಧರ ಬೆಂಚಿನ ಮೇಲೆ ಕೂತ. ಕದಿರೇಶನನ್ನು ಕರೆದು ಕೇಳಿದ. "ಅವತ್ತು ನನ್ನ ಲೇಖನದಲ್ಲಿ ಊರಿನ ಹೆಸ್ರು ಏನ್ ಮಾಡ್ದೆ ಕದಿರೇಶ?"

"ಹೆಸ್ರುಗಳು ಇರ್ಬಾರ್ದು ಅಂತ ಅವ್ರ ನಿಯಮದಲ್ಲಿತ್ತಲ್ಲ ಸಾರ್. ಒಂದೂ ಬಿಡ್ದೆ ಎಲ್ಲಾ ತೆಗ್ದೆ. ಮೇಡಮ್ಮು ತಲೆಬರಹಾನೂ ಚೆನ್ನಾಗಿ ಬದ್ಲಾಯ್ಸಿದ್ರು."

ಆಗ ಮುಳಬಾಗಿಲಿನಿಂದ ಪ್ರಿನ್ಸಿಪಾಲರ ಕಾರು ಬಂತು. ಇಳಿಯುತ್ತಲೇ ಇವನ ಬೆನ್ನು ತಟ್ಟಿದರು.

"ಭಲೇ ಕಣಯ್ಯಾ. ಸಂಪಾದಕರು ಫೋನ್ ಮಾಡಿ, ಕಳ್ಳನ್ನ ಹಿಡ್ದು ಕೊಟ್ರಿ ಅಂತ ಹೊಗಳಿದ್ದೇ ಹೊಗಳಿದ್ದು. ಒಂದೇ ಕೇಳ್ತಾರೆ: ಅಸಲು ಯಾರ್ದು, ಹೆಸ್ರು ಕೊಡಿ ಅಂತ. ಅವನಿಗೆ ನ್ಯಾಯ ಕೊಡಿಸ್ತಾರಂತೆ. ಯಾರಯ್ಯಾ ಅದು?"

ಗಂಗಾಧರ ಬಾಯಿ ತೆರೆದ. ಅಸಲಿನವನ ಹೆಸರು ನಾಲಗೆ ತುದಿಯಲ್ಲಿತ್ತು. ಕಳ್ಳನ ಹೆಸರೂ ಅದೇ ಎಂದು ಸಂಪಾದಕರಿಗೆ ಗೊತ್ತಿತ್ತು. ಬರೆದವನೂ ಓದಿದವನೂ ಒಬ್ಬನೇ ಎಂದು ತಿಳಿದರೆ ಇದ್ದ ಕೆಲಸವೂ ಹೋಗುತ್ತದೆ.

"ಹೆಸ್ರು ಗುಟ್ಟಾಗಿರ್ಬೇಕಲ್ವಾ ಸಾರ್? ಅದು ನಿಯಮ" ಎಂದ, ಮೆಲ್ಲಗೆ.

ಕೋದಂಡರಾಮಪ್ಪನವರ ಕಣ್ಣು ತುಂಬಿ ಬಂತು. "ನೀತಿ ಅಂದ್ರೆ ನಿನ್ನ ನೋಡಿ ಕಲೀಬೇಕು. ಇನ್ಮೇಲೆ ಎಲ್ಲಾ ಲೇಖನಾನೂ ನನಗೇ ಕಳ್ಸ್ತಾರಂತೆ. ಇವತ್ತೇ ಮೂರು ಬಂದಿದಾವೆ" ಎಂದು, ನಿಶ್ಚಿತಾರ್ಥದ ಹೋಳಿಗೆ ಪೊಟ್ಟಣವನ್ನು ಅವನ ಕೈಗಿಟ್ಟರು. "ತಿಂದ್ಕೊಂಡೇ ಓದು. ಬೆಳಿಗ್ಗೆಗೆ ಬೇಕು."