ಜೇನು ವಿಭಾಗದ ಸಹಾಯಕ ಕೋಚ್

ಮಿಸಿಸಿಪ್ಪಿಯ ನಮ್ಮ ಟಾಲಿವರ್ ಕೌಂಟಿಯಲ್ಲಿ ಎರಡು ಕಾಲೇಜುಗಳಿದ್ದು, ಅವುಗಳ ನಡುವೆ ಒಂದು ನದಿಯೂ ತೊಂಬತ್ತೊಂದು ವರ್ಷಗಳ ಹಗೆತನವೂ ಹರಿಯುತ್ತಿವೆ ಎಂಬುದು ದಾಖಲೆಗಳಿಂದ ದೃಢಪಟ್ಟಿರುವ ಸಂಗತಿ. ನದಿಯ ಪೂರ್ವಕ್ಕೆ ಕಾರ್ವೆಲ್, ಪಶ್ಚಿಮಕ್ಕೆ ಥಾರ್ನ್‌ಬಿ. ಎರಡೂ ಕಡೆ ಓದುಬರಹವನ್ನು ಸಹ ಕಲಿಸಲಾಗುತ್ತದೆ ಎಂದು ಹಳೆಯ ಕರಪತ್ರಗಳಲ್ಲಿ ಉಲ್ಲೇಖವಿದೆ. ಆದರೆ ಜನ ಅವನ್ನು ಗುರುತಿಸುವುದು ಫುಟ್‌ಬಾಲಿನಿಂದ, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲಿನಿಂದ. ಆ ಫುಟ್‌ಬಾಲಿಗೆ ಬೇಕಾದ ಹುಡುಗರು ಬೆಳೆಯುವುದು ನಮ್ಮ ಹಾರ್ಮನ್ ಕ್ರೀಕ್ ಹೈಸ್ಕೂಲಿನಲ್ಲಿ. ಸದರಿ ಶಾಲೆಯಲ್ಲಿ ಹಾಜರಿ ಬರೆಯುವ ಗುಮಾಸ್ತ ನಾನು. ತಮ್ಮ ತಂಡಕ್ಕೆ ಸೆಳೆಯಲು ಕಾಲೇಜಿನ ಕೋಚ್ ಯಾವ ಹುಡುಗನ ಮನೆಗೆ ಹೋದರೂ ಶಾಲೆಯ ಪರವಾಗಿ ಒಬ್ಬ ಸಾಕ್ಷಿ ಹಾಜರಿರತಕ್ಕದ್ದು ಎಂದು ನಿಯಮವಿದೆ. ಆ ಸಾಕ್ಷಿಯೂ ನಾನೇ. ಹೀಗಾಗಿ ಹನ್ನೊಂದು ವರ್ಷಗಳಿಂದ ಸರ್ಕಾರಿ ಕೆಲಸದ ಮೇಲೆ ಊರವರ ಮನೆಯ ಹುರಿದ ಮೀನು ತಿಂದಿದ್ದೇನೆ.

ಆ ವರ್ಷ ಎರಡೂ ಕಾಲೇಜಿನ ಕಣ್ಣಿಗೆ ಬಿದ್ದವನು ಲಾವೆಲ್ ಪ್ರೂಯಿಟ್. ಹದಿನಾರು ವರ್ಷಕ್ಕೇ ಆರೂವರೆ ಅಡಿ ಎತ್ತರ. ಬಾಗಿಲಲ್ಲಿ ನಿಂತರೆ ಕೋಣೆಯೊಳಗೆ ಕತ್ತಲಾಗುತ್ತಿತ್ತು. ಚೆಂಡು ಎಸೆಯುವವನ ಮುಂದೆ ನಿಂತು, ಮೈಮೇಲೆ ಬರುವವರನ್ನು ತಡೆಯುವುದು ಅವನ ಕೆಲಸ. ಮೂರು ವರ್ಷದಲ್ಲಿ ಚೆಂಡನ್ನು ಅವನು ಮುಟ್ಟಿದ್ದು ಒಂದೇ ಸಲ, ಅದೂ ಕೈತಪ್ಪಿ. ಮುಟ್ಟಿದ ತಕ್ಷಣ ಕ್ಷಮೆ ಕೇಳಿದ್ದ. ತಂದೆತಾಯಿ ಇಲ್ಲದ ಅವನನ್ನು ಸಾಕಿದವರು ಅಜ್ಜಿ, ಊರವರ ಬಾಯಲ್ಲಿ ಮಿಸ್ ಒರೆಥಾ. ಮನೆಯ ಹಿಂದೆ ಅವರದೊಂದು ಸಾಲು ಜೇನುಪೆಟ್ಟಿಗೆ. ಮೊದಲು ಹತ್ತೊಂಬತ್ತು ಇದ್ದವು. ಪ್ರತಿ ಚಳಿಗಾಲ ಮೂರೋ ನಾಲ್ಕೋ ಸತ್ತು, ಈಗ ಏಳು ಉಳಿದಿದ್ದವು. ಫೆಬ್ರವರಿಯಲ್ಲಿ ಮುಚ್ಚಳ ತೆಗೆದರೆ ಒಳಗೆ ಒಂದು ಬೊಗಸೆ ಒಣಗಿದ ನೊಣ. ಲಾವೆಲ್ ಅದನ್ನು ಅಂಗೈಯಲ್ಲಿ ಹಿಡಿದು ಎಷ್ಟೋ ಹೊತ್ತು ನಿಂತಿರುತ್ತಿದ್ದನಂತೆ. ಎದುರಾಳಿಯ ಮೂವರನ್ನು ಒಟ್ಟಿಗೆ ಕೆಡವುವ ಹುಡುಗ ಈ ವಿಷಯದಲ್ಲಿ ಮಾತ್ರ ಸೋತುಹೋಗಿದ್ದ.

ಸೆಪ್ಟೆಂಬರಿನಲ್ಲಿ ಕಾರ್ವೆಲ್‌ನ ಕೋಚ್ ಟಿಡ್‌ವೆಲ್ ಬಂದರು. ಜಗಲಿಯಲ್ಲಿ ಕೂತು ನಾಲ್ಕು ತಟ್ಟೆ ಕ್ಯಾಟ್‌ಫಿಶ್ ಮುಗಿಸಿ, ತಮ್ಮ ಕಾಲೇಜಿನ ವರ್ಣನೆ ಮಾಡಿದರು. ಎಂಬತ್ತು ಸಾವಿರ ಜನ ಕೂರುವ ಅಂಗಳ. ಬಟ್ಟೆ ಬದಲಿಸುವ ಕೋಣೆಯೊಳಗೇ ಜಲಪಾತ.

ಎಲ್ಲ ಕೇಳಿಸಿಕೊಂಡು ಲಾವೆಲ್ ಮೆಲ್ಲಗೆ ಕೇಳಿದ: "ಸರ್, ನಿಮ್ಮಲ್ಲಿ ಜೇನಿನ ಪಾಠ ಯಾರು ಮಾಡ್ತಾರೆ?"

"ಏನಂದೆ ಮಗಾ?"

"ಜೇನುನೊಣ ಯಾಕೆ ಸಾಯ್ತವೆ ಅಂತ ಕಲಿಬೇಕು ನಾನು. ಅದನ್ನ ಹೇಳಿಕೊಡೋರು ಯಾರು?"

"ನಮ್ಮ ಹತ್ರ ಎಲ್ಲಾ ಇದೆ ಮಗಾ!"

"ಹೆಸರು ಹೇಳಿ ಸರ್."

"ಯಾರ ಹೆಸರು?"

"ಪಾಠ ಮಾಡೋರ ಹೆಸರು."

ಕೋಚ್ ಟಿಡ್‌ವೆಲ್ ಇಪ್ಪತ್ತೆರಡು ವರ್ಷಗಳಲ್ಲಿ ಎರಡು ಸಾವಿರ ಜಗಲಿಗಳಲ್ಲಿ ಕೂತವರು. ಕಾರು ಕೇಳಿದವರಿದ್ದರು, ಚಿಕ್ಕಪ್ಪನಿಗೆ ನೌಕರಿ ಕೇಳಿದವರಿದ್ದರು. ಪಾಠ ಮಾಡುವವರ ಹೆಸರು ಕೇಳಿದವರಿರಲಿಲ್ಲ. ಅವರು ಕರವಸ್ತ್ರದಿಂದ ಹಣೆ ಒರೆಸಿಕೊಂಡು ನನ್ನ ಕಡೆ ನೋಡಿದರು. ಸಾಕ್ಷಿ ಮಾತಾಡುವಂತಿಲ್ಲ, ನಾನು ಮೀನು ತಿಂದೆ.

ಮರುದಿನವೇ ಕಾರ್ವೆಲ್‌ನಲ್ಲಿ 'ಕಾಲೇಜಿನಲ್ಲಿ ಪ್ರಸ್ತುತ ಏನೇನು ಕಲಿಸಲಾಗುತ್ತಿದೆ ಎಂಬುದರ ಪತ್ತೆಗಾಗಿ ಉನ್ನತ ಮಟ್ಟದ ಸಮಿತಿ' ರಚನೆಯಾಯಿತು. ಸಮಿತಿಯು ಒಂದು ತಿಂಗಳು ಶ್ರಮಿಸಿ ತರಗತಿ ಕೋಣೆಗಳನ್ನು ಪತ್ತೆಹಚ್ಚಿತಾದರೂ ಅಲ್ಲಿ ಜೇನು ಸಿಗಲಿಲ್ಲ. ಆದ್ದರಿಂದ ಟಿಡ್‌ವೆಲ್ ಬೇರೆ ದಾರಿ ಹಿಡಿದರು. ಆಟಗಾರನಿಗಾಗಲಿ ಅವನ ಬಂಧುಗಳಿಗಾಗಲಿ ಏನನ್ನೂ ಕೊಡಬಾರದೆಂದು ನಿಯಮಾವಳಿಯ ಒಂಬತ್ತನೇ ಅಧ್ಯಾಯ ಹೇಳುತ್ತದೆ. ನಿಷೇಧಿತರ ಪಟ್ಟಿಯಲ್ಲಿ ತಂದೆ, ತಾಯಿ, ಅಜ್ಜಿಯ ತಂಗಿಯ ಅಳಿಯನವರೆಗೂ ಎಲ್ಲರ ಉಲ್ಲೇಖವಿದೆ. ಹಿಂದಿನ ಒಂದು ಪ್ರಕರಣದ ನಂತರ ನಾಯಿಯನ್ನೂ ಸೇರಿಸಲಾಗಿದೆ. ಜೇನುನೊಣದ ಉಲ್ಲೇಖ ಇಲ್ಲ. ಅಕ್ಟೋಬರಿನಲ್ಲಿ ಕಾರ್ವೆಲ್ ಕಾಲೇಜು ಪ್ರೂಯಿಟ್ ಮನೆಯ ಪೂರ್ವದ ನಲವತ್ತು ಎಕರೆಯನ್ನು ಗೇಣಿಗೆ ಹಿಡಿದು, ನೊಣಗಳಿಗೆ ಪ್ರಿಯವಾದ ಕೆಂಪು ಹೂವಿನ ಕ್ಲೋವರ್ ಬಿತ್ತಿತು.

ಥಾರ್ನ್‌ಬಿಯ ಕೋಚ್ ಬೋಡ್ರೊ ಈ ಸುದ್ದಿ ತಿಳಿದು ಒಂದು ವಾರ ಊಟ ಬಿಟ್ಟರೆಂದು ಹೇಳುತ್ತಾರೆ. ಆಮೇಲೆ ಮನೆಯ ಪಶ್ಚಿಮಕ್ಕೆ ಅರವತ್ತು ಎಕರೆ ಬಿತ್ತಿಸಿದರು.

ಏಪ್ರಿಲಿನಲ್ಲಿ ಮನೆಯ ಎರಡೂ ಕಡೆ ನೆಲ ಕೆಂಪಾಗಿ ಹೊತ್ತಿಕೊಂಡಂತೆ ಹೂಬಿಟ್ಟಿತು. ಮಿಸ್ ಒರೆಥಾ ಜಗಲಿಗೆ ಬಂದು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. "ಈ ಹುಡುಗ ಇನ್ನೂ ಸ್ವಲ್ಪ ದಪ್ಪ ಇದ್ದಿದ್ರೆ ಮಿಸಿಸಿಪ್ಪಿ ಪೂರಾ ಹೂ ಬಿಡ್ತಿತ್ತು" ಅಂದರು.

ಕಾರ್ವೆಲ್ ಥಾರ್ನ್‌ಬಿಯ ಮೇಲೆ, ಥಾರ್ನ್‌ಬಿ ಕಾರ್ವೆಲ್‌ನ ಮೇಲೆ ಒಂದೇ ದಿನ ಮೇಲ್ವಿಚಾರಣಾ ಮಂಡಳಿಗೆ ದೂರು ಕೊಟ್ಟವು. ಆಟಗಾರನ ಕಡೆಯವರು ಒಂದು ಕಾಲೇಜಿನ ಸ್ವತ್ತಿಗೆ ನಲವತ್ತೆಂಟು ಗಂಟೆ ಮೀರದ ಒಂದು ಅಧಿಕೃತ ಭೇಟಿಯನ್ನಷ್ಟೇ ಕೊಡಬಹುದು. ಈ ನೊಣಗಳು ದಿನಕ್ಕೆ ನೂರು ಸಲ ಹೋಗಿಬರುತ್ತಿವೆ, ಮೇಲಾಗಿ ಅಲ್ಲೇ ಊಟ ಮಾಡುತ್ತಿವೆ ಎಂಬುದು ಆರೋಪ. ತನಿಖೆಗೆ ಗಿಲ್‌ಕ್ರಿಸ್ಟ್ ಎಂಬ ಅಧಿಕಾರಿ ಬಂದರು. ಟೈ ಕಟ್ಟಿಕೊಂಡು, ನೋಟುಪುಸ್ತಕ ಹಿಡಿದು ಪೆಟ್ಟಿಗೆಗಳ ಮುಂದೆ ಕುರ್ಚಿ ಹಾಕಿಸಿಕೊಂಡರು.

"ಮ್ಯಾಮ್, ಯಾವ ನೊಣ ಯಾವ ಕಾಲೇಜಿಗೆ ಹೋಗ್ತಿದೆ?"

"ನನ್ನನ್ನ ಯಾಕೆ ಕೇಳ್ತೀರಿ, ಅವನ್ನೇ ಕೇಳಿ" ಅಂದರು ಮಿಸ್ ಒರೆಥಾ.

ಗಿಲ್‌ಕ್ರಿಸ್ಟ್ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು. ವರದಿಯಲ್ಲಿ 'ಸಾಕ್ಷಿಗಳು ಸಹಕರಿಸಲಿಲ್ಲ' ಎಂದು ನಮೂದಾಗಿದೆ. ಮೂರು ದಿನ ಅವರ ಎಡಗಣ್ಣು ತೆರೆಯಲಿಲ್ಲ. ಕೊನೆಗೆ ಮಂಡಳಿಯ ತೀರ್ಪು ಹೀಗಿತ್ತು: ನೊಣಗಳು ಸ್ವಂತ ಖರ್ಚಿನಲ್ಲಿ ಹಾರಿಹೋಗುತ್ತಿರುವುದರಿಂದ ಸದರಿ ಭೇಟಿಗಳನ್ನು ಅನಧಿಕೃತವೆಂದು ಪರಿಗಣಿಸಲಾಗಿದೆ, ಅನಧಿಕೃತ ಭೇಟಿಗಳಿಗೆ ಮಿತಿಯಿಲ್ಲ.

ಇಷ್ಟೆಲ್ಲ ಆದರೂ ಹುಡುಗ ತನ್ನ ಪ್ರಶ್ನೆ ಬಿಡಲಿಲ್ಲ. ಹೂವಿಗೆ ಇಬ್ಬರಿಗೂ ಕೃತಜ್ಞತೆ ಹೇಳಿದ. ಪಾಠ ಮಾಡುವವರ ಹೆಸರನ್ನು ಮತ್ತೆ ಇಬ್ಬರನ್ನೂ ಕೇಳಿದ. ಕಡೆಗೆ ಬೋಡ್ರೊ ತಮ್ಮ ಕಾಲೇಜಿನ ಹಳೆಯ ಕಡತ ತೆರೆಸಿದರು. ಥಾರ್ನ್‌ಬಿಯಲ್ಲಿ ಒಂದು ಕಾಲಕ್ಕೆ ಜೇನು ವಿಭಾಗ ಇತ್ತು. ಆಟಗಾರರು ಮಂಜುಗಡ್ಡೆಯ ನೀರಲ್ಲಿ ಕೂರುವ ಭವನಕ್ಕಾಗಿ ಆ ಕಟ್ಟಡವನ್ನು ಆರು ವರ್ಷದ ಹಿಂದೆ ಕೆಡವಲಾಗಿತ್ತು. ಅಧ್ಯಾಪಕಿ ಮಿಸ್ ಆರ್ಡೇಲಿಯ ಸ್ಟೋಕ್ಸ್ ಅವರನ್ನು ತೆಗೆಯಲು ನಿಯಮ ಬಿಡದ ಕಾರಣ, ಪಂದ್ಯದ ದಿನ ಕಾರು ನಿಲ್ಲಿಸಲು ಚೀಟಿ ಕೊಡುವ ಕೆಲಸಕ್ಕೆ ವರ್ಗ ಮಾಡಲಾಗಿತ್ತು. ಬೋಡ್ರೊ ಖುದ್ದಾಗಿ ಹೋಗಿ ಅವರನ್ನು ಪಾರ್ಕಿಂಗ್ ಗೂಡಿನಿಂದ ಎಬ್ಬಿಸಿ ಪ್ರೂಯಿಟ್ ಮನೆಗೆ ಕರೆತಂದರು.

ಅರವತ್ತೆಂಟು ವರ್ಷದ ಆ ಹೆಂಗಸು, ಹಳದಿ ಜಾಕೆಟ್ಟನ್ನೂ ಬಿಚ್ಚದೆ ಸೀದಾ ಹಿತ್ತಲಿಗೆ ನಡೆದು, ಬರಿಗೈಯಲ್ಲೇ ಒಂದು ಪೆಟ್ಟಿಗೆ ತೆರೆದರು. ಒಂದು ನೊಣವನ್ನು ಬೆರಳಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿದರು.

"ಬಾ ಇಲ್ಲಿ. ಹೊಟ್ಟೆ ಕೆಳಗೆ ಕೆಂಪು ಚುಕ್ಕಿ ಕಾಣ್ತಾ?"

"ಕಾಣ್ತಿದೆ ಮ್ಯಾಮ್."

"ಚುಕ್ಕಿ ಅಲ್ಲ ಅದು. ನುಸಿ. ನಿನ್ನ ಬೆನ್ನ ಮೇಲೆ ತಟ್ಟೆಯಷ್ಟು ದೊಡ್ಡ ಉಣ್ಣಿ ಕೂತು ಹೀರ್ತಿದ್ರೆ ನೀನು ಎಷ್ಟು ದಿನ ಬದುಕ್ತೀಯ?"

"ನಾನು ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂದ್ಕೊಂಡಿದ್ದೆ ಮ್ಯಾಮ್."

"ಯಾರೂ ತೋರಿಸಿಕೊಟ್ಟಿಲ್ಲ ನಿನಗೆ, ಅಷ್ಟೇ" ಅಂದರು ಮಿಸ್ ಸ್ಟೋಕ್ಸ್.

ಲಾವೆಲ್ ಮುಖ ಆ ಕಡೆ ತಿರುಗಿಸಿಕೊಂಡ. ಅಷ್ಟಗಲ ಬೆನ್ನು ಅಲುಗಿದ್ದನ್ನು ನಾನು ನೋಡಿದೆ, ಸಾಕ್ಷಿಯಾಗಿ ಬರೆದುಕೊಳ್ಳಲಿಲ್ಲ. ಬೋಡ್ರೊ ಅಷ್ಟು ಹೊತ್ತೂ ಕಾರಿನ ಗಾಜು ಏರಿಸಿಕೊಂಡು ಕೂತಿದ್ದರು.

ಡಿಸೆಂಬರಿನಲ್ಲಿ ಶಾಲೆಯ ಜಿಮ್ನಾಷಿಯಂನಲ್ಲಿ, ಎರಡು ಕಾಲೇಜಿನ ಎರಡು ಟೊಪ್ಪಿ ಇಟ್ಟ ಮೇಜಿನ ಮುಂದೆ ಕೂತು ಲಾವೆಲ್ ಥಾರ್ನ್‌ಬಿಯನ್ನು ಆರಿಸಿದ್ದಕ್ಕೆ ಗುರುತಾಗಿ ಅದರ ಟೊಪ್ಪಿ ಹಾಕಿಕೊಂಡ. ಅದು ಅವನ ತಲೆಗೆ ಚಿಕ್ಕದಾಯಿತು. ಕಾರ್ವೆಲ್‌ನ ಪತ್ರಿಕಾ ಪ್ರಕಟಣೆಯು, ನಲವತ್ತು ಎಕರೆ ಮೇದ ನೊಣಗಳಿಗೆ ನಿಷ್ಠೆಯಿಲ್ಲವೆಂದು ವಿಷಾದಿಸಿತು.

ಮುಂದಿನ ಆಗಸ್ಟಿನಲ್ಲಿ ತೊಡಕು ಎದ್ದಿತು. ಬೋಡ್ರೊ ಮಾತು ಕೊಟ್ಟಂತೆ ಮತ್ತೆ ಶುರುವಾದ ಮಿಸ್ ಸ್ಟೋಕ್ಸ್ ಅವರ ಜೇನಿನ ತರಗತಿ ಮಧ್ಯಾಹ್ನ ಎರಡಕ್ಕೆ. ಆಟದ ಅಭ್ಯಾಸವೂ ಎರಡಕ್ಕೆ. ಲಾವೆಲ್ ಬೋಡ್ರೊ ಅವರ ಕೋಣೆಗೆ ಹೋದ.

"ಕೋಚ್, ನೀವು ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ. ತರಗತಿ ಇದೆ ತಾನೇ?"

"ನಾನಿಲ್ಲದೆ ಇದೆ."

"ಮಗಾ, ಅಭ್ಯಾಸ ತಪ್ಪಿಸೋಕೆ ನಿಯಮ ಒಪ್ಪಲ್ಲ."

"ಹಾಗಿದ್ರೆ ಅವರೇ ಅಂಗಳಕ್ಕೆ ಬರಲಿ."

"ಅಂಗಳದೊಳಗೆ ಕೋಚುಗಳನ್ನ ಬಿಟ್ಟು ಯಾರೂ ಕಾಲಿಡಂಗಿಲ್ಲ."

ಲಾವೆಲ್ ಎದ್ದು ಬಾಗಿಲಲ್ಲಿ ನಿಂತ. ಕೋಣೆಯಲ್ಲಿ ಕತ್ತಲಾಯಿತು. ಬೋಡ್ರೊ ಐದು ನಿಮಿಷ ಯೋಚಿಸಿ ಆದೇಶ ಹೊರಡಿಸಿದರು: ಮಿಸ್ ಆರ್ಡೇಲಿಯ ಸ್ಟೋಕ್ಸ್ ಅವರನ್ನು ತಕ್ಷಣದಿಂದ ಜಾರಿಗೆ ಬರುವಂತೆ ಸಹಾಯಕ ಕೋಚ್, ಜೇನು ವಿಭಾಗ, ಎಂದು ನೇಮಿಸಲಾಗಿದೆ. ಅವರಿಗೆ ಒಂದು ಟೊಪ್ಪಿ, ಒಂದು ಸೀಟಿ ಹಾಗೂ ಎಲ್ಲ ಕೋಚುಗಳಿಗೆ ಕೊಡುವ ಒಪ್ಪಂದಪತ್ರ ಕೊಡಲಾಯಿತು.

ಅಂದಿನಿಂದ ಪ್ರತಿದಿನ, ಓಟದ ನಡುವಿನ ವಿರಾಮದಲ್ಲಿ, ಮಿಸ್ ಸ್ಟೋಕ್ಸ್ ಸೀಟಿ ಊದುತ್ತಿದ್ದರು. ಲಾವೆಲ್‌ನ ಜೊತೆ ಸಾಲಿನಲ್ಲಿ ನಿಲ್ಲುವ ಉಳಿದ ನಾಲ್ವರೂ ಬಂದು ಹುಲ್ಲಿನ ಮೇಲೆ ಕೂರುತ್ತಿದ್ದರು. ರಾಣಿ ಸತ್ತರೆ ಗೂಡು ಏನು ಮಾಡುತ್ತದೆ, ಚಳಿಯಲ್ಲಿ ನೊಣಗಳು ಹೇಗೆ ಒತ್ತೊತ್ತಿ ನಿಂತು ಒಳಗಿನವನ್ನು ಬೆಚ್ಚಗಿಡುತ್ತವೆ ಎಂಬುದನ್ನೆಲ್ಲ ಬಾಯಿ ತೆರೆದು ಕೇಳುತ್ತಿದ್ದರು. ಆರು ವಾರ ಹೀಗೆ ನಡೆಯಿತು. ಥಾರ್ನ್‌ಬಿ ಆರು ಪಂದ್ಯಗಳಲ್ಲಿ ಮೂರು ಗೆದ್ದು ಮೂರು ಸೋತಿತು.

ಏಳನೇ ವಾರ ಕಾರ್ವೆಲ್ ದೂರು ಸಲ್ಲಿಸಿತು. ದೂರಬೀನಿನಿಂದ ತೆಗೆದ ಚಿತ್ರಗಳನ್ನೂ ಲಗತ್ತಿಸಿತ್ತು. ಮಂಡಳಿಯ ವಿಚಾರಣೆಗೆ ಮತ್ತೆ ಗಿಲ್‌ಕ್ರಿಸ್ಟ್ ಅವರೇ ಬಂದರು, ಈ ಸಲ ಕಪ್ಪು ಕನ್ನಡಕ ಹಾಕಿಕೊಂಡು.

"ಕೋಚ್ ಬೋಡ್ರೊ, ಈ ಚಿತ್ರದಲ್ಲಿ ಏನು ನಡೀತಿದೆ?"

"ವಿರಾಮ, ಸರ್."

"ಹುಡುಗನ ಕೈಲಿ ಪೆನ್ಸಿಲ್ ಇದೆ."

ಬೋಡ್ರೊ ತಲೆ ತಗ್ಗಿಸಿದರು. "ಇದೆ ಸರ್."

ಥಾರ್ನ್‌ಬಿ ಕಾಲೇಜು ಅಭ್ಯಾಸದ ಅವಧಿಯಲ್ಲಿ ವಿದ್ಯಾರ್ಥಿಗಳಿಗೆ ಉದ್ದೇಶಪೂರ್ವಕವಾಗಿ ವಿದ್ಯೆ ನೀಡಿದ್ದು ಸಾಬೀತಾಗಿದೆ ಎಂದು ಮಂಡಳಿ ಘೋಷಿಸಿತು. ಕಾಲೇಜಿನ ಅಧ್ಯಕ್ಷರು ಪತ್ರಕರ್ತರ ಮುಂದೆ ಗದ್ಗದಿತರಾಗಿ, ಇಂಥ ಕೃತ್ಯ ನಮ್ಮ ಸಂಸ್ಥೆಯ ಪರಂಪರೆಗೆ ತಕ್ಕುದಲ್ಲ, ಮುಂದೆ ಮರುಕಳಿಸದಂತೆ ಕಟ್ಟೆಚ್ಚರ ವಹಿಸುತ್ತೇವೆ ಎಂದರು. ಮಿಸ್ ಸ್ಟೋಕ್ಸ್ ಅವರನ್ನು ಕೋಚ್ ಹುದ್ದೆಯಿಂದ ವಜಾ ಮಾಡಲಾಯಿತು.

ಆಗ ಯಾರೋ ಅವರ ಒಪ್ಪಂದಪತ್ರ ತೆರೆದು ನೋಡಿದರು. ಅವಧಿಗೆ ಮುನ್ನ ತೆಗೆದುಹಾಕಿದ ಪಕ್ಷದಲ್ಲಿ ಯಾವುದೇ ಕೋಚಿಗೆ ಉಳಿದ ನಾಲ್ಕು ವರ್ಷದ ಸಂಬಳವನ್ನು ಒಂದೇ ಕಂತಿನಲ್ಲಿ ಕೊಡತಕ್ಕದ್ದು ಎಂದಿತ್ತು. ಮೂವತ್ತೊಂದು ವರ್ಷ ಪಾಠ ಹೇಳಿ ಗಳಿಸಿದ್ದಕ್ಕಿಂತ ಅದು ಹೆಚ್ಚಿತ್ತು. ಮಿಸ್ ಸ್ಟೋಕ್ಸ್ ಪತ್ರವನ್ನು ಎರಡು ಸಲ ಓದಿದರು.

"ಇದು ಶಿಕ್ಷೆನೋ, ಬಹುಮಾನನೋ?"

"ಮ್ಯಾಮ್, ನಮ್ಮ ಕಸುಬಲ್ಲಿ ಎರಡೂ ಒಂದೇ" ಅಂದರು ಬೋಡ್ರೊ.

ಈಗ ಮಿಸ್ ಸ್ಟೋಕ್ಸ್ ಭಾನುವಾರಗಳಂದು ಚರ್ಚ್ ಮುಗಿಸಿ ಪ್ರೂಯಿಟ್ ಮನೆಗೆ ಬರುತ್ತಾರೆ. ಲಾವೆಲ್ ಮತ್ತು ಆ ನಾಲ್ವರೂ ಬರುತ್ತಾರೆ. ಆ ಚಳಿಗಾಲ ಒಂದು ಪೆಟ್ಟಿಗೆಯೂ ಖಾಲಿಯಾಗಲಿಲ್ಲ. ಫೆಬ್ರವರಿಯಲ್ಲಿ ಮುಚ್ಚಳ ತೆಗೆದು ಗುಂಯ್ ಎಂಬ ಸದ್ದು ಕೇಳಿದಾಗ ಹುಡುಗ ಅಜ್ಜಿಯನ್ನು ಎತ್ತಿಕೊಂಡು ಅಂಗಳದಲ್ಲಿ ಒಂದು ಸುತ್ತು ಹಾಕಿದ. ಮಿಸ್ ಒರೆಥಾ ಅವನ ಬೆನ್ನಿಗೆ ಗುದ್ದುತ್ತ, "ಇಳಿಸೋ, ಒಲೆ ಮೇಲೆ ಎಣ್ಣೆ ಇದೆ" ಎಂದು ಕೂಗಿದರು.

ಥಾರ್ನ್‌ಬಿಯ ವಿಷಯಕ್ಕೆ ಬಂದರೆ, ಮಿಸ್ ಸ್ಟೋಕ್ಸ್ ಅವರ ವಜಾ ಸುದ್ದಿ ಅಧ್ಯಾಪಕರ ಕೊಠಡಿ ತಲುಪಿದ ಮರುದಿನ ಸಹಾಯಕ ಕೋಚ್ ಹುದ್ದೆಗೆ ನೂರ ಹದಿನಾಲ್ಕು ಅರ್ಜಿಗಳು ಬಂದವು. ಅಧ್ಯಾಪಕರು ಆಟದ ಮೇಲೆ ಇಷ್ಟು ಪ್ರೀತಿ ತೋರಿಸಿದ್ದು ಇದೇ ಮೊದಲೆಂದು ಕಾಲೇಜು ಸಂತೋಷಪಟ್ಟು, ಅಷ್ಟೂ ಅರ್ಜಿಗಳನ್ನು ಮಂಜೂರು ಮಾಡಿತು. ರಸಾಯನಶಾಸ್ತ್ರದವರು ಈಗ ರಕ್ಷಣೆಯ ಹೊಣೆ ಹೊತ್ತಿದ್ದಾರೆ. ಇತಿಹಾಸದವರು ನೀರು ಕುಡಿಸುತ್ತಾರೆ. ತರಗತಿಗಳು ಖಾಲಿಯಿರುವ ಬಗ್ಗೆ ಈತನಕ ಯಾವ ದೂರೂ ಬಂದಿಲ್ಲ.

ತಂಡ ಸತತ ನಾಲ್ಕು ಪಂದ್ಯ ಸೋತರೆ ಕೋಚುಗಳನ್ನೆಲ್ಲ ವಜಾ ಮಾಡುವುದು ಇಲ್ಲಿಯ ಪದ್ಧತಿ. ದುರದೃಷ್ಟವಶಾತ್ ಥಾರ್ನ್‌ಬಿ ಈ ವರ್ಷ ಸತತವಾಗಿ ಗೆಲ್ಲುತ್ತಿದೆ. ಕಳೆದ ಶನಿವಾರ ಕಾರ್ವೆಲ್ ವಿರುದ್ಧದ ಪಂದ್ಯಕ್ಕೆ ನಾನೂ ಥಾರ್ನ್‌ಬಿಗೆ ಹೋಗಿದ್ದೆ. ಕೊನೆಯ ನಿಮಿಷದಲ್ಲಿ ಥಾರ್ನ್‌ಬಿಯವನೊಬ್ಬ ಚೆಂಡು ಹಿಡಿದು ಗೆರೆ ದಾಟಿ ಪಂದ್ಯ ಗೆಲ್ಲಿಸಿದಾಗ ಸಾವಿರಾರು ಜನ ಎದ್ದು ಕುಣಿದರು. ಅಂಗಳದ ಅಂಚಿನಲ್ಲಿ ಲ್ಯಾಟಿನ್ ಅಧ್ಯಾಪಕಿಯೊಬ್ಬರು, ಟೊಪ್ಪಿ ಕಳಚಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅಳುತ್ತಿದ್ದರು. ಪಕ್ಕದಲ್ಲಿ ಗಣಿತದವರು ಅವರ ಭುಜ ಹಿಡಿದು, ಇನ್ನೂ ನಾಲ್ಕು ಪಂದ್ಯ ಇವೆ, ಧೈರ್ಯ ಕಳ್ಕೋಬೇಡಿ ಎನ್ನುತ್ತಿದ್ದರು.

ನನ್ನ ಹಿಂದೆ ಕೂತಿದ್ದ ರೈತನೊಬ್ಬ ಹೆಂಡತಿಗೆ ಅವರನ್ನು ತೋರಿಸಿದ. "ನೋಡೇ, ಕಾಲೇಜಿನ ಮೇಲೆ ಎಂಥ ಅಭಿಮಾನ!" ಎಂದು ಟೊಪ್ಪಿ ತೆಗೆದು ಎದೆಗೆ ಹಿಡಿದ. ಅದನ್ನು ಕಂಡು ಆ ಸಾಲಿನವರೆಲ್ಲ ಟೊಪ್ಪಿ ತೆಗೆದರು. ನಾನೂ ತೆಗೆದೆ.